ಟವರ್ ಕಾಣುತ್ತದೆ, ಇಂಟರ್‌ನೆಟ್ ಏಕೆ ಬರುವುದಿಲ್ಲ? — ಓದುಗರ ಪ್ರಶ್ನೆಗಳಿಗೆ ಉತ್ತರ

ನಿಸ್ತಂತು ಬ್ರಾಡ್‌ಬ್ಯಾಂಡ್ ಕುರಿತು ಉತ್ತರ ಕನ್ನಡದ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಮೊದಲನೆಯದನ್ನು ಬೇರೆ ಬೇರೆ ಮಾತುಗಳಲ್ಲಿ ಹಲವರು ಕೇಳಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಪ್ರಶ್ನೆ: ನಮ್ಮ ಮನೆ ಕಣಿವೆಯಲ್ಲಿ, ಅಡಿಕೆ ತೋಟದ ಅಂಚಿನಲ್ಲಿದೆ. ಎದುರು ಗುಡ್ಡದ ಟವರ್ ಅಂಗಳದಿಂದಲೇ ಕಾಣುತ್ತದೆ, ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೂ ತುಂಬಿರುತ್ತವೆ. ಆದರೂ ಸಂಜೆ ಏಳು ದಾಟಿದರೆ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಮಗನಿಗೆ ಮೀಟಿಂಗಿನಲ್ಲಿ ಕೂರಲಾಗುವುದಿಲ್ಲ. ಹೊಸ ಫೋನ್ ತಂದರೂ ಅಷ್ಟೇ. ಕಾರಣವೇನು?
— ಓದುಗರು, ಸಿರ್ಸಿ ತಾಲ್ಲೂಕು

ಉತ್ತರ: ಫೋನಿನ ಕಡ್ಡಿಗಳು ಟವರಿನಿಂದ ನಿಮ್ಮ ಮನೆಗೆ ಬರುವ ಸಂಕೇತ ಎಷ್ಟು ಗಟ್ಟಿಯಾಗಿದೆ ಎಂಬುದನ್ನಷ್ಟೇ ಹೇಳುತ್ತವೆ. ಆ ಟವರನ್ನು ಎಷ್ಟು ಜನ ಹಂಚಿಕೊಳ್ಳುತ್ತಿದ್ದಾರೆ, ಟವರಿನಿಂದ ಆಚೆಗೆ ದಾರಿ ಎಷ್ಟು ಅಗಲವಿದೆ ಎಂಬುದು ಅವುಗಳಿಗೆ ಗೊತ್ತಿಲ್ಲ. ನಿಮ್ಮ ತೊಂದರೆ ಸಂಜೆಗೆ ಸೀಮಿತವಾಗಿರುವುದರಿಂದ ಕಾರಣ ಈ ಎರಡರಲ್ಲೊಂದು, ಬಹುಶಃ ಎರಡೂ.

ಮೊದಲು ಹಂಚಿಕೆಯ ವಿಷಯ. 4ಜಿಯಲ್ಲಿ 20 ಮೆಗಾಹರ್ಟ್ಸ್ ಅಗಲದ ತರಂಗಾಂತರ (ಸಂಕೇತ ಸಾಗುವ ರೇಡಿಯೊ ಅಲೆಗಳ ಹರವು) ಇದ್ದು, ಕಳುಹಿಸಲು ಎರಡು, ಪಡೆಯಲು ಎರಡು ಆಂಟೆನಾ ಬಳಸುವ ಸಾಮಾನ್ಯ ವ್ಯವಸ್ಥೆಯಲ್ಲಿ, ಟವರಿನ ಒಂದು ದಿಕ್ಕಿಗೆ ಸಿಗಬಹುದಾದ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 150 ಮೆಗಾಬಿಟ್. ಇದು ಕಾಗದದ ಲೆಕ್ಕ. ಬಳಕೆಯಲ್ಲಿ ಸಿಗುವುದು ಅದಕ್ಕಿಂತ ಬಹಳ ಕಡಿಮೆ, ಮತ್ತು ಆ ದಿಕ್ಕಿನ ಎಲ್ಲ ಫೋನುಗಳೂ ಅದನ್ನೇ ಹಂಚಿಕೊಳ್ಳಬೇಕು. ಇದರಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿಯಿದೆ. ಟವರಿಗೆ ಹತ್ತಿರವಿರುವ, ಸ್ಪಷ್ಟ ಸಂಕೇತ ಪಡೆಯುವ ಫೋನಿಗೆ ಒಂದು ಮಿಡಿತದಲ್ಲಿ 6 ಬಿಟ್ ಮಾಹಿತಿ ಕಳುಹಿಸಲು ಸಾಧ್ಯವಾದರೆ, ದೂರದಲ್ಲಿ ಅಥವಾ ಮರಗಳ ಮರೆಯಲ್ಲಿರುವ ಫೋನಿಗೆ ತಪ್ಪಾಗದಂತೆ 2 ಬಿಟ್ ಮಾತ್ರ ಕಳುಹಿಸಬೇಕಾಗುತ್ತದೆ. ಹೀಗಾಗಿ ದೂರದ ಮನೆಯಲ್ಲಿ ನೋಡುವ ಒಂದು ವಿಡಿಯೊ, ಹತ್ತಿರದ ಮನೆಯ ಅದೇ ವಿಡಿಯೊಕ್ಕಿಂತ ಸುಮಾರು ಮೂರು ಪಟ್ಟು ಸಮಯವನ್ನು ಟವರಿನಿಂದ ಕಸಿದುಕೊಳ್ಳುತ್ತದೆ. ಮನೆಗಳು ಒತ್ತಾಗಿರುವ ಪೇಟೆಗಿಂತ, ತೋಟಕ್ಕೊಂದರಂತೆ ಮನೆಗಳು ಚದುರಿರುವ ನಮ್ಮ ಮಲೆನಾಡಿನಲ್ಲಿ ಟವರು ಬೇಗ ದಣಿಯುವುದು ಇದರಿಂದ.

ಎರಡನೆಯದು, ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಯ ಮುಖ್ಯ ಕಾರಣ, ಟವರಿನ ಹಿಂದಿನ ದಾರಿ. ನಿಸ್ತಂತು ಎಂಬ ಹೆಸರಿದ್ದರೂ ತಂತಿಯಿಲ್ಲದಿರುವುದು ಫೋನಿನಿಂದ ಟವರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಆಪ್ಟಿಕಲ್ ಫೈಬರ್ ಕೇಬಲ್ ಇರಬೇಕು. ಕೇಬಲ್ ತಲುಪದ ಗುಡ್ಡಗಳಲ್ಲಿ ಒಂದು ಟವರು ಇನ್ನೊಂದಕ್ಕೆ ಮೈಕ್ರೋವೇವ್ ಮೂಲಕ ಮಾಹಿತಿ ದಾಟಿಸುತ್ತದೆ. ಟವರಿನ ಮೇಲೆ ಬೋಗುಣಿಯಂತೆ ಕಾಣುವ ದುಂಡನೆಯ ಡಿಶ್ ಇರುವುದು ಇದಕ್ಕಾಗಿ. ನಿಮ್ಮ ಟವರಿನಲ್ಲಿ ಅಂಥ ಡಿಶ್‌ಗಳು ಎರಡು ಮೂರು ಇದ್ದರೆ, ಅದು ತನ್ನ ಗ್ರಾಹಕರ ಜೊತೆಗೆ ಆಚೆಯ ಊರುಗಳ ಟವರುಗಳ ಭಾರವನ್ನೂ ಹೊತ್ತಿರುವ ಸಾಧ್ಯತೆ ಹೆಚ್ಚು. ಬಚ್ಚಲಿನ ಹಂಡೆ ಎಷ್ಟೇ ದೊಡ್ಡದಿದ್ದರೂ ಅಬ್ಬಿಯಿಂದ ದಬ್ಬೆಯಲ್ಲಿ ಹರಿದು ಬಂದಷ್ಟೇ ನೀರು ಸಿಗುವಂತೆ, ಹಿಂದಿನ ದಾರಿ ಕಿರಿದಾಗಿದ್ದರೆ ಹೊಸ ಫೋನಿನಿಂದಾಗಲಿ ದುಬಾರಿ ಪ್ಯಾಕಿನಿಂದಾಗಲಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಈ ಮೈಕ್ರೋವೇವ್ ದಾರಿ ಇನ್ನಷ್ಟು ಹದಗೆಡುತ್ತದೆ. 10 ಗಿಗಾಹರ್ಟ್ಸ್‌ಗಿಂತ ಮೇಲಿನ ತರಂಗಗಳನ್ನು ಜಡಿಮಳೆ ಹೀರಿಕೊಳ್ಳುವುದರಿಂದ ಉಪಕರಣಗಳು ಸಂಪರ್ಕ ಉಳಿಸಿಕೊಳ್ಳಲು ತಾವಾಗಿಯೇ ವೇಗ ತಗ್ಗಿಸುತ್ತವೆ. ದೂರು ಕೊಡುವಾಗ ‘ಸಿಗ್ನಲ್ ಇಲ್ಲ’ ಎಂದು ಬರೆಯಬೇಡಿ. ‘ಸಿಗ್ನಲ್ ಪೂರ್ತಿ ಇದೆ, ಸಂಜೆ ವೇಗವಿಲ್ಲ, ಟವರಿಗೆ ಫೈಬರ್ ಇದೆಯೇ ತಿಳಿಸಿ’ ಎಂದು ಬರೆಯಿರಿ.

ಪ್ರಶ್ನೆ: 5ಜಿ ಬಂದರೆ ಎಲ್ಲ ಸರಿಹೋಗುತ್ತದೆಯೇ?
— ಓದುಗರು, ಸಿದ್ದಾಪುರ

ಉತ್ತರ: ಪೇಟೆಯಲ್ಲಿ ಹೌದು, ಕಣಿವೆಯಲ್ಲಿ ಅಷ್ಟು ಸುಲಭವಲ್ಲ. 2022ರ ಅಕ್ಟೋಬರ್ 1ರಂದು ದೇಶದಲ್ಲಿ ಆರಂಭವಾದ 5ಜಿ ಮುಖ್ಯವಾಗಿ ಬಳಸುವ 3300 ಮೆಗಾಹರ್ಟ್ಸ್ ಪಟ್ಟಿಯ (ಬ್ಯಾಂಡಿನ) ತರಂಗದ ಉದ್ದ ಸುಮಾರು 9 ಸೆಂಟಿಮೀಟರ್. ಒದ್ದೆ ಎಲೆ, ಮಣ್ಣಿನ ಗೋಡೆ, ಗುಡ್ಡದ ಏಣು ಇವುಗಳನ್ನು ದಾಟುವುದರಲ್ಲಿ ಅದು ಹಿಂದೆ. 700 ಮೆಗಾಹರ್ಟ್ಸ್‌ನ ತರಂಗ 40 ಸೆಂಟಿಮೀಟರ್‌ಗಿಂತ ಉದ್ದವಿದ್ದು, ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಮರೆಯಲ್ಲಿರುವ ಮನೆಗೂ ಇಳಿಯಬಲ್ಲದು. ಆದರೆ ಆ ಪಟ್ಟಿ ಕಿರಿದಾದ್ದರಿಂದ ಜಾಹೀರಾತಿನ ವೇಗ ಅದರಲ್ಲಿ ಸಿಗುವುದಿಲ್ಲ. ಮಲೆನಾಡಿಗೆ ಬೇಕಾಗಿರುವುದು ಇಂಥ ಕೆಳಗಿನ ಪಟ್ಟಿಗಳೇ.

ಪ್ರಶ್ನೆ: ಶ್ರೀಮಂತ ದೇಶಗಳಲ್ಲಿ ಇಂಟರ್‌ನೆಟ್ ಮೊದಲು ತಂತಿಯ ಮೂಲಕ ಮನೆಗಳಿಗೆ ಬಂತು. ನಮ್ಮಲ್ಲಿ ಮೊಬೈಲ್ ಮೂಲಕವೇ ಏಕೆ ಹರಡಿತು?
— ಓದುಗರು, ಕುಮಟಾ

ಉತ್ತರ: ನಮ್ಮಲ್ಲಿ ತಂತಿ ಎಲ್ಲ ಮನೆಗಳಿಗೂ ಎಂದೂ ತಲುಪಿರಲಿಲ್ಲ. ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ 1995ರ ಆಗಸ್ಟ್ 15ರಂದು ಆರಂಭವಾದರೂ, ಅದನ್ನು ಹೊತ್ತು ತರಬೇಕಿದ್ದ ಸ್ಥಿರ ದೂರವಾಣಿಗಳ ಸಂಖ್ಯೆ 2006ರ ಸುಮಾರಿಗೆ 5 ಕೋಟಿಯ ಹತ್ತಿರ ಬಂದು ಇಳಿಯತೊಡಗಿತು. 2004ರ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದೇ ಬ್ರಾಡ್‌ಬ್ಯಾಂಡ್! ಈ ಮಿತಿ 2023ರಲ್ಲಷ್ಟೇ 2 ಮೆಗಾಬಿಟ್‌ಗೆ ಏರಿತು. ಘಟ್ಟದ ಹಳ್ಳಿಗಳಲ್ಲಿ ಮನೆಮನೆಗೆ ತಾಮ್ರದ ತಂತಿ ಎಳೆದು, ಮರ ಬಿದ್ದಾಗಲೆಲ್ಲ ಕೂಡಿಸುವ ಖರ್ಚಿಗೆ ಹೋಲಿಸಿದರೆ ಒಂದು ಟವರು ಅಗ್ಗ. ಅಂಗಳದಲ್ಲಿ ಕಂಬ ನೆಟ್ಟು ಆಂಟೆನಾ ಕಟ್ಟಿಕೊಂಡಿದ್ದ, ತಂತಿಯ ಬದಲು ರೇಡಿಯೊ ಅಲೆಯಿಂದ ನಡೆಯುತ್ತಿದ್ದ ಡಬ್ಲ್ಯುಎಲ್‌ಎಲ್ ಫೋನುಗಳನ್ನು ಕಂಡ ಹಿರಿಯರಿಗೆ ಈ ತರ್ಕ ಹೊಸದಲ್ಲ.

2010ರಲ್ಲಿ 3ಜಿ ಮತ್ತು ನಿಸ್ತಂತು ಬ್ರಾಡ್‌ಬ್ಯಾಂಡ್ ತರಂಗಾಂತರಗಳ ಹರಾಜು ನಡೆಯಿತು. ಎರಡನೆಯದರಲ್ಲಿ ದೇಶದ ಎಲ್ಲ 22 ವಲಯಗಳ ಹಕ್ಕನ್ನು ಗೆದ್ದ ಏಕೈಕ ಕಂಪನಿ ಇನ್ಫೋಟೆಲ್. ಅದನ್ನು ರಿಲಯನ್ಸ್ ಕೂಡಲೇ ಕೊಂಡುಕೊಂಡಿತು, ಅದರಿಂದಲೇ ಬೆಳೆದ ಜಿಯೊ 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿತು. ದರ ಕುಸಿದದ್ದು ಆಮೇಲೆ. ನಡುವಿನ ಆರು ವರ್ಷ ತರಂಗಾಂತರ ಹೆಚ್ಚುಕಡಿಮೆ ಖಾಲಿ ಬಿದ್ದಿತ್ತು ಎಂಬುದನ್ನು ಜಿಯೊವನ್ನು ಹೊಗಳುವವರು ಮರೆಯುತ್ತಾರೆ. 2024ರ ಕೊನೆಗೆ ದೇಶದ ಬ್ರಾಡ್‌ಬ್ಯಾಂಡ್ ಸಂಪರ್ಕಗಳು 94 ಕೋಟಿ ದಾಟಿದ್ದವು. ಅವುಗಳಲ್ಲಿ ತಂತಿಯವು ಸುಮಾರು 4 ಕೋಟಿ ಮಾತ್ರ. ಟವರುಗಳಿಗೆ ಇಷ್ಟು ಬೇಗ ಬೇಡಿಕೆ ಬಂದದ್ದರಿಂದ, ಅವುಗಳ ಹಿಂದೆ ಹೋಗಬೇಕಿದ್ದ ಫೈಬರ್ ಹಿಂದುಳಿಯಿತು.

ಪ್ರಶ್ನೆ: ಕರೆಂಟ್ ಹೋಗಿ ಅರ್ಧ ಗಂಟೆಯಾಗುವುದರೊಳಗೆ ನೆಟ್‌ವರ್ಕ್ ಕೂಡ ಹೋಗುತ್ತದೆ. ಟವರಿಗೆ ಬ್ಯಾಟರಿ ಇರುವುದಿಲ್ಲವೇ?
— ಓದುಗರು, ಜೋಯಿಡಾ ತಾಲ್ಲೂಕು

ಉತ್ತರ: 48 ವೋಲ್ಟಿನ ಬ್ಯಾಟರಿ ಸಾಲು ಇರುತ್ತದೆ. ಆದರೆ ಖಾಲಿಯಾದ ಬ್ಯಾಟರಿ ತುಂಬಲು ಹಲವು ತಾಸು ಬೇಕು, ಮತ್ತು ಮಳೆಗಾಲದಲ್ಲಿ ವಿದ್ಯುತ್ ಅಷ್ಟು ಹೊತ್ತು ನಿಲ್ಲುವುದಿಲ್ಲ. ಅರ್ಧ ತುಂಬಿದ ಸೀಸದ ಬ್ಯಾಟರಿ ಮತ್ತೆ ಮತ್ತೆ ಬರಿದಾಗಿ ಬೇಗ ಸಾಯುತ್ತದೆ. ಜನರೇಟರಿಗೆ ಡೀಸೆಲ್ ಹೊತ್ತು ಗುಡ್ಡ ಹತ್ತುವವರು ಬೇಕು. ಬಳಕೆದಾರರು ಕಡಿಮೆಯಿರುವ ಟವರಿಗೆ ಈ ಖರ್ಚು ಮಾಡಲು ಕಂಪನಿಗಳು ಹಿಂದೇಟು ಹಾಕುತ್ತವೆ. ಗ್ರಾಮ ಪಂಚಾಯಿತಿಯ ಮೂಲಕ ಲಿಥಿಯಂ ಬ್ಯಾಟರಿ, ಸೋಲಾರ್ ಎಂದು ಸ್ಪಷ್ಟವಾಗಿ ಕೇಳುವುದು ಒಳ್ಳೆಯದು.

ಪ್ರಶ್ನೆ: ಬೈತಕೋಲ ಬಂದರಿನಿಂದ ಹೊರಟ ಬೋಟಿನಲ್ಲಿ ಸ್ವಲ್ಪ ದೂರದ ನಂತರ ಇಂಟರ್‌ನೆಟ್ ಇರುವುದಿಲ್ಲ. ಸಮುದ್ರದ ಮೇಲೆ ಅಡ್ಡಿ ಏನೂ ಇಲ್ಲವಲ್ಲ?
— ಓದುಗರು, ಕಾರವಾರ

ಉತ್ತರ: ಅಡ್ಡಿಯಿಲ್ಲ, ಆದರೆ ಫೋನಿನ ಶಕ್ತಿ ಬಹಳ ಕಡಿಮೆ. 4ಜಿ ಫೋನು ಹೆಚ್ಚೆಂದರೆ 200 ಮಿಲಿವ್ಯಾಟ್‌ನಲ್ಲಿ ಉತ್ತರಿಸುತ್ತದೆ. ಟವರು ಹೇಳಿದ್ದು ಬೋಟಿಗೆ ಕೇಳಿಸಿದರೂ ಬೋಟಿನದು ಟವರಿಗೆ ಕೇಳಿಸುವುದಿಲ್ಲ; ಅದಕ್ಕೇ ಕಡ್ಡಿ ತೋರಿಸುತ್ತಲೇ ಸಂದೇಶ ಹೋಗದೆ ಉಳಿಯುತ್ತದೆ. ಟವರಿನ ಆಂಟೆನಾಗಳನ್ನು ಊರಿನ ಕಡೆಗೆ, ಕೆಳಮುಖವಾಗಿ ತಿರುಗಿಸಿರುವುದೂ ಒಂದು ಕಾರಣ. ಆಳ ಸಮುದ್ರಕ್ಕೆ ಹೋಗುವವರು ಮೊಬೈಲನ್ನು ನಂಬಬಾರದು. 2024ರ ಆಗಸ್ಟ್‌ನಲ್ಲಿ ಚಾಲನೆ ಪಡೆದ ಯೋಜನೆಯಲ್ಲಿ 1 ಲಕ್ಷ ದೋಣಿಗಳಿಗೆ ಉಚಿತವಾಗಿ ಕೊಡಲು ಹೊರಟ ಟ್ರಾನ್ಸ್‌ಪಾಂಡರ್, ಇಸ್ರೊ ಉಪಗ್ರಹದ ಮೂಲಕ ಎರಡೂ ಕಡೆಗೆ ಚಿಕ್ಕ ಸಂದೇಶ ಸಾಗಿಸುತ್ತದೆ. ಅದರಲ್ಲಿ ವಿಡಿಯೊ ಬಾರದು. ಚಂಡಮಾರುತದ ಎಚ್ಚರಿಕೆ ಬರುತ್ತದೆ.

ಪ್ರಶ್ನೆ: ಗ್ರಾಮ ಪಂಚಾಯಿತಿ ಕಟ್ಟಡಕ್ಕೆ ಫೈಬರ್ ಬಂದಿದೆ, ನಮ್ಮ ಕೇರಿ ಅಲ್ಲಿಂದ 2 ಕಿಲೋಮೀಟರ್. ನಾವೇ ಏನಾದರೂ ಮಾಡಬಹುದೇ? ಆನ್‌ಲೈನಿನಲ್ಲಿ ಸಿಗುವ ಬೂಸ್ಟರ್ ತರಿಸಲೇ?
— ಓದುಗರು, ಯಲ್ಲಾಪುರ ತಾಲ್ಲೂಕು

ಉತ್ತರ: ಬೂಸ್ಟರ್ ಬೇಡ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ, ಮತ್ತು ಅದು ಸುತ್ತಲಿನವರ ಸಂಪರ್ಕವನ್ನೂ ಕೆಡಿಸುತ್ತದೆ. ಬದಲಾಗಿ 5 ಗಿಗಾಹರ್ಟ್ಸ್‌ನ ವೈಫೈ ಪಟ್ಟಿಯನ್ನು ನಿಗದಿತ ಶಕ್ತಿಯ ಮಿತಿಯೊಳಗೆ ಯಾರು ಬೇಕಾದರೂ ಬಳಸಬಹುದೆಂದು 2018ರಲ್ಲಿ ಸರ್ಕಾರ ಪ್ರಕಟಿಸಿದೆ. ಫೈಬರ್ ಸಂಪರ್ಕ ಪಡೆದು, ಆ ತುದಿಯಲ್ಲೊಂದು ಈ ತುದಿಯಲ್ಲೊಂದು ದಿಕ್ಕಿನ ಆಂಟೆನಾ ಎದುರುಬದುರಾಗಿ ನಿಲ್ಲಿಸಿದರೆ 2 ಕಿಲೋಮೀಟರ್ ಕಷ್ಟವಲ್ಲ. ಅಕ್ಕಪಕ್ಕದವರಿಗೆ ದುಡ್ಡಿಗೆ ಹಂಚುವುದಾದರೆ 2020ರಲ್ಲಿ ಬಂದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ವ್ಯವಸ್ಥೆಯಡಿ, ಅದರ ಸಂಯೋಜಕ ಸಂಸ್ಥೆಯೊಂದರ ಮೂಲಕ ಮಾಡಬೇಕು. ಅದರಲ್ಲಿ ಚಿಕ್ಕ ಅಂಗಡಿಯವರಿಗೂ ಪ್ರತ್ಯೇಕ ಪರವಾನಗಿ ಬೇಡ.

ಎರಡು ಎಚ್ಚರಿಕೆಗಳಿವೆ. ಒಂದು ತುದಿಯಿಂದ ಇನ್ನೊಂದು ಕಂಡರೆ ಸಾಲದು. ನಡುಮಧ್ಯದಲ್ಲಿ ಆ ನೋಟದ ಗೆರೆಯ ಸುತ್ತ ಕನಿಷ್ಠ 3 ಮೀಟರ್ ತೆರವಿರಬೇಕು, ಇಲ್ಲವಾದರೆ ಬೇಸಿಗೆಯಲ್ಲಿ ಓಡಿದ ಸಂಪರ್ಕ ಆಷಾಢದಲ್ಲಿ ಎಲೆ ಒದ್ದೆಯಾದೊಡನೆ ಮುಗ್ಗರಿಸುತ್ತದೆ. ಇನ್ನು ಮಳೆಗಾಲಕ್ಕೆ ಮುಂಚಿನ ಸಿಡಿಲು. ಕಂಬಕ್ಕೆ ಸರಿಯಾದ ಅರ್ಥಿಂಗ್ ಕೊಡಿ, ಆಂಟೆನಾದಿಂದ ಒಳಗೆ ಬರುವ ಕೇಬಲಿಗೆ ಸಿಡಿಲು ತಡೆಯುವ ಸಾಧನ ಹಾಕಿಸಿ, ಮೋಡ ಕವಿದಾಗಲೇ, ಗುಡುಗು ಶುರುವಾಗುವ ಮೊದಲೇ, ವಿದ್ಯುತ್ ಪ್ಲಗ್ಗಿನ ಜೊತೆಗೆ ಆ ಕೇಬಲನ್ನೂ ರೌಟರಿನಿಂದ ಕಿತ್ತಿಡಿ; ಗುಡುಗು ಕೇಳಿಸತೊಡಗಿದ ಮೇಲೆ ಅವನ್ನು ಮುಟ್ಟಬೇಡಿ.