12 ವರ್ಷ ಗ್ಯಾರೇಜಿನಲ್ಲಿದ್ದ ವಿಂಡ್‌ಸರ್ಫಿಂಗ್ ಸಾಮಗ್ರಿಯಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬದಲಿಸಲಿ?

ನಿಮ್ಮ ಪ್ರಶ್ನೆಯ ವಿವರಗಳನ್ನು ಮೊದಲು ಒಮ್ಮೆ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಉತ್ತರ ಪೂರ್ತಿ ಅವುಗಳನ್ನೇ ಅವಲಂಬಿಸಿದೆ. ನೀವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೀರಿ, ಮಗಳು ಹುಟ್ಟಿದ ಮೇಲೆ 12 ವರ್ಷಗಳಿಂದ ನೀರಿಗಿಳಿದಿಲ್ಲ, ಆಗ 72 ಕಿಲೋ ಇದ್ದ ನಿಮ್ಮ ತೂಕ ಈಗ 84 ಆಗಿದೆ. ಗ್ಯಾರೇಜಿನಲ್ಲಿ 105 ಲೀಟರಿನ ಒಂದು ಬೋರ್ಡ್, ಅದಕ್ಕೂ ಹಳೆಯದಾದ ಮಿಸ್ಟ್ರಾಲ್ ಒನ್ ಡಿಸೈನ್ ಎಂಬ ಇನ್ನೊಂದು ಉದ್ದನೆಯ ಬೋರ್ಡ್, 4.7, 5.5, 6.5 ಮತ್ತು 7.5 ಚದರ ಮೀಟರಿನ ನಾಲ್ಕು ಹಾಯಿಗಳು, 430 ಮತ್ತು 460 ಸೆಂಟಿಮೀಟರಿನ ಎರಡು ದಪ್ಪ ಮಾಸ್ಟ್‌ಗಳು (ಹಾಯಿಯ ಕಂಬಗಳು) ಮತ್ತು ಒಂದು ಅಲ್ಯೂಮಿನಿಯಂ ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಗೋಲು) ಇವೆ. ಎಲ್ಲವನ್ನೂ ಮಾರಿ ಹೊಸದನ್ನು ಕೊಳ್ಳುವುದೇ, ಇದ್ದುದರಲ್ಲೇ ಮತ್ತೆ ಆರಂಭಿಸುವುದೇ, ಅಥವಾ ನೇರವಾಗಿ ಫಾಯಿಲ್‌ಗೆ, ಅಂದರೆ ಬೋರ್ಡಿನಡಿ ರೆಕ್ಕೆ ಜೋಡಿಸಿ ನೀರಿನ ಮೇಲೆ ಹಾರುವ ಬಗೆಗೆ, ಹೋಗುವುದೇ ಎಂದು ಕೇಳಿದ್ದೀರಿ.

ನಾನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ, ಹೆಚ್ಚಾಗಿ ಸ್ಯಾನ್ ಮಾಟಿಯೊದ ಕೊಯೋಟಿ ಪಾಯಿಂಟ್‌ನಲ್ಲಿ, 15 ವರ್ಷಗಳಿಂದ ಹಾಯಿ ಹಿಡಿಯುತ್ತಿದ್ದೇನೆ. ನಡುವೆ ನಾನೂ ನಾಲ್ಕು ವರ್ಷ ಬಿಟ್ಟಿದ್ದೆ, ಮರಳಿ ಬಂದಾಗ ನಿಮ್ಮಂತೆಯೇ ಬೋರ್ಡಿನ ಬಗ್ಗೆ, ಹಾಯಿಯ ಬಗ್ಗೆ ಚಿಂತಿಸಿ ದುಡ್ಡನ್ನೆಲ್ಲ ಅಲ್ಲಿಗೇ ಸುರಿದೆ. ಈಗ ನಾನು ಪಾಲಿಸುವ ಕ್ರಮ ಅದಕ್ಕೆ ತದ್ವಿರುದ್ಧವಾದುದು: ಬೆಲೆ ಕಡಿಮೆಯಿರುವ ಭಾಗಗಳನ್ನು ಯಾವಾಗಲೂ ಹೊಸದಾಗಿ ಕೊಳ್ಳುತ್ತೇನೆ, ದುಬಾರಿ ಭಾಗಗಳನ್ನು ಸಾಧ್ಯವಾದಷ್ಟೂ ಹಳೆಯದರಲ್ಲೇ ಹುಡುಕುತ್ತೇನೆ. ಯಾವುದನ್ನು ಎಸೆಯಬೇಕು ಎಂಬುದನ್ನೂ ಅದರ ಬೆಲೆಯಿಂದ ತೀರ್ಮಾನಿಸುವುದಿಲ್ಲ. ದಡದಿಂದ ಒಂದು ಕಿಲೋಮೀಟರ್ ದೂರದಲ್ಲಿ ಅದು ಮುರಿದರೆ ನಾನು ಹಿಂತಿರುಗಬಲ್ಲೆನೇ ಎಂದು ಕೇಳಿಕೊಂಡು ತೀರ್ಮಾನಿಸುತ್ತೇನೆ.

ಈ ಪ್ರಶ್ನೆ ಹುಟ್ಟಿದ್ದು ಒಂದು ಮಧ್ಯಾಹ್ನದ ಅನುಭವದಿಂದ. ಮಾಸ್ಟನ್ನು ಬೋರ್ಡಿಗೆ ಜೋಡಿಸುವ ರಬ್ಬರಿನಂಥ ಕೀಲು, ನಾವು ಟೆಂಡನ್ ಎನ್ನುವ ಆ ಹೆಬ್ಬೆರಳು ಗಾತ್ರದ ತುಂಡು, ಯಾವ ಮುನ್ಸೂಚನೆಯನ್ನೂ ಕೊಡದೆ ಕತ್ತರಿಸಿಹೋಯಿತು. ಹಳೆಯ ಸಾಮಗ್ರಿಯ ಜೊತೆಗೆ ಬಂದಿದ್ದ ಆ ಕೀಲಿಗೆ, ಅದು ತುಂಡಾದರೂ ಮಾಸ್ಟನ್ನೂ ಬೋರ್ಡನ್ನೂ ಹಿಡಿದಿಡುವ ಸುರಕ್ಷತೆಯ ಪಟ್ಟಿಯೂ ಇರಲಿಲ್ಲ. ಹಾಯಿ ಒಂದು ಕಡೆ, ಬೋರ್ಡ್ ಇನ್ನೊಂದು ಕಡೆ ತೇಲತೊಡಗಿದವು. ಬೋರ್ಡನ್ನು ಬಿಡಬಾರದೆಂಬ ಅರಿವಿದ್ದುದರಿಂದ ಅದನ್ನೇ ಹಿಡಿದು, ಕೈಗೆ ಸಿಕ್ಕ ಹಗ್ಗದಿಂದ ಹಾಯಿಯನ್ನು ಅದಕ್ಕೆ ಕಟ್ಟಿ, ಗಾಳಿ ಒಯ್ದತ್ತ ಸ್ಯಾನ್ ಮಾಟಿಯೊ ಸೇತುವೆಯ ದಿಕ್ಕಿಗೆ ತೇಲುತ್ತಾ ಫಾಸ್ಟರ್ ಸಿಟಿಯ ದಡ ಸೇರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಆದ್ದರಿಂದ ನಿಮ್ಮ ಗ್ಯಾರೇಜಿನಲ್ಲಿರುವ ಕೀಲನ್ನು ಪರೀಕ್ಷಿಸುವ ಗೋಜಿಗೇ ಹೋಗಬೇಡಿ, ಅದನ್ನು ಎಸೆದುಬಿಡಿ. ಪಾಲಿಯುರೆಥೇನ್ ಬಳಸದೆ ಇಟ್ಟರೂ ಹಳತಾಗುತ್ತದೆ. ಹೊಸ ಕೀಲು, ಸುರಕ್ಷತಾ ಪಟ್ಟಿ, ಹಾಯಿಯನ್ನು ಬಿಗಿಯುವ ಹಗ್ಗಗಳು, ಹಾರ್ನೆಸ್ ಲೈನುಗಳು (ಸೊಂಟಪಟ್ಟಿಯ ಕೊಕ್ಕೆ ಸಿಕ್ಕಿಸಲು ಬೂಮಿಗೆ ಕಟ್ಟುವ ಹಗ್ಗಗಳು), ಫಿನ್ (ಬೋರ್ಡಿನ ಹಿಂತುದಿಯ ಕೆಳಗಿನ ಈಜುರೆಕ್ಕೆ) ಬೋಲ್ಟ್‌ಗಳು: ಇವಿಷ್ಟನ್ನು ಮೊದಲು ಹೊಸದಾಗಿ ತನ್ನಿ. ಎಲ್ಲ ಸೇರಿದರೂ ಒಂದು ಹಳೆಯ ಹಾಯಿಯ ಬೆಲೆ ಆಗಲಾರದು. ವೆಟ್‌ಸೂಟ್ ಕೂಡ ಹೊಸದೇ ಬೇಕು. ಅದರ ರಬ್ಬರ್ ಬಟ್ಟೆಯಾದ ನಿಯೊಪ್ರೀನ್ 12 ವರ್ಷದಲ್ಲಿ ಗಡುಸಾಗಿರುತ್ತದೆ, ನಿಮ್ಮ ಮೈಯೂ ಬದಲಾಗಿದೆ, ಬೇಸಿಗೆಯಲ್ಲೂ ಈ ನೀರು ತಣ್ಣಗೇ ಇರುತ್ತದೆ.

ಇನ್ನು ಹಾಯಿಗಳು. ಹಾಯಿಯ ಪಾರದರ್ಶಕ ಭಾಗವನ್ನು ಮಾನೋಫಿಲ್ಮ್ ಎಂಬ ಪಾಲಿಯೆಸ್ಟರ್ ಹಾಳೆಯಿಂದ ಮಾಡಿರುತ್ತಾರೆ. ಅದರ ಮುಖ್ಯ ಶತ್ರು ಬಿಸಿಲಿನ ನೇರಳಾತೀತ ಕಿರಣ. ನಿಮ್ಮವು ಕತ್ತಲೆಯಲ್ಲಿ ಸುರುಳಿ ಸುತ್ತಿಕೊಂಡಿದ್ದರೆ, ದಿನವೂ ದಡದಲ್ಲಿ ಹರಡಿಕೊಂಡು ಬಿದ್ದಿದ್ದ ಮೂರು ವರ್ಷದ ಹಾಯಿಗಿಂತ ಅವು ಗಟ್ಟಿಯಾಗಿರಬಹುದು. ಮಡಚಿಟ್ಟಿದ್ದರೆ ಮಡಿಕೆಯ ಗೆರೆ ಬಿಳಿಚಿ ಅಲ್ಲಿಂದಲೇ ಸೀಳುತ್ತದೆ. ಹುಲ್ಲಿನ ಮೇಲೆ ಹರಡಿ, ಮಾಸ್ಟ್ ತೂರುವ ಚೀಲದ ಪಕ್ಕದಲ್ಲೂ ಕೆಳಭಾಗದಲ್ಲೂ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿ. ಹಾಳೆ ಬಳುಕಿದರೆ ಸರಿ, ಸುಟ್ಟ ಹಪ್ಪಳದಂತೆ ಚಟಪಟ ಎಂದರೆ ಅದರ ಆಯುಷ್ಯ ಮುಗಿಯಿತು. ಹೊಲಿಗೆಯ ದಾರವನ್ನು ಉಗುರಿನಿಂದ ಎಳೆದು ನೋಡುವುದನ್ನೂ ಮರೆಯಬೇಡಿ, ಏಕೆಂದರೆ ಹಾಳೆ ಚೆನ್ನಾಗಿದ್ದು ದಾರ ಮಾತ್ರ ಲಡ್ಡಾಗಿರುವ ಹಾಯಿಗಳನ್ನು ನಾನು ಕಂಡಿದ್ದೇನೆ. ಎಳೆಗಳನ್ನು ಸೇರಿಸಿ ಮಾಡಿದ ಎಕ್ಸ್-ಪ್ಲೈ ಹಾಳೆಯಾದರೆ ಸೀಳು ಬಿಟ್ಟರೂ ಬೇಗ ಹಬ್ಬುವುದಿಲ್ಲ. ಬೆರಳುದ್ದದ ಸೀಳಿಗೆ ಎರಡೂ ಬದಿಗೆ ರಿಪೇರಿ ಟೇಪ್ ಅಂಟಿಸಿದರೆ ಸಾಕು. ಇಡೀ ಫಲಕ ಬದಲಿಸಬೇಕಾಗಿ ಬಂದರೆ, ಆ ಕೂಲಿಗೆ ಇನ್ನೊಂದು ಒಳ್ಳೆಯ ಹಳೆಯ ಹಾಯಿಯೇ ಸಿಗುತ್ತದೆ.

ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಹಾಯಿಯಲ್ಲ, ಮಾಸ್ಟ್. ಹಾಯಿಯ ಆಕಾರ ಬಟ್ಟೆಯಲ್ಲಿ ಮಾತ್ರವಲ್ಲ, ಮಾಸ್ಟ್ ಬಾಗುವ ರೀತಿಯಲ್ಲೂ ಇರುತ್ತದೆ. ಪ್ರತಿ ಹಾಯಿಯ ಚೀಲದ ಮೇಲೂ ಕೆಳತುದಿಯ ಬಳಿಯೂ ಮುಂಭಾಗದ ಅಂಚಿನ ಉದ್ದ, ಬೂಮಿನ ಉದ್ದ, ಬೇಕಾದ ಮಾಸ್ಟ್ ಮತ್ತು ಅದರ ಬಿಗಿತದ ಅಂಕ ಅಚ್ಚಾಗಿರುತ್ತವೆ. ಮುಂಭಾಗದ ಅಂಚಿನ ಉದ್ದ 478 ಎಂದೂ ಮಾಸ್ಟ್ 460 ಎಂದೂ ಬರೆದಿದ್ದರೆ, ಕೆಳಗಿನ ಎಕ್ಸ್‌ಟೆನ್ಶನ್ ತುಂಡನ್ನು 18 ಸೆಂಟಿಮೀಟರಿಗೆ ಇಡಬೇಕು ಎಂದರ್ಥ. ಬಿಗಿತದ ಅಂಕ 400ರ ಮಾಸ್ಟಿಗೆ 19, 430ಕ್ಕೆ 21, 460ಕ್ಕೆ 25 ಇರುವುದು ರೂಢಿ. ಅಂಕಿ ಅಳಿಸಿಹೋಗಿದ್ದರೆ ಮನೆಯಲ್ಲೇ ಅಳೆಯಬಹುದು: ಮಾಸ್ಟಿನ ಎರಡು ತುದಿಗಳನ್ನು ಎರಡು ಸ್ಟೂಲುಗಳ ಮೇಲಿಟ್ಟು, ನಡುವೆ 30 ಕಿಲೋ ತೂಗುಹಾಕಿ, ಎಷ್ಟು ಸೆಂಟಿಮೀಟರ್ ಬಾಗಿತು ಎಂದು ನೋಡಿ, ಆ ಸಂಖ್ಯೆಯಿಂದ ಮಾಸ್ಟಿನ ಉದ್ದವನ್ನು ಭಾಗಿಸಿದರೆ ಅಂಕ ಬರುತ್ತದೆ. 430ರ ಮಾಸ್ಟ್ ಇಪ್ಪತ್ತೂವರೆ ಸೆಂಟಿಮೀಟರ್ ಬಾಗಿದರೆ ಅದು 21.

ಈ ಲೆಕ್ಕದಲ್ಲಿ ನಿಮ್ಮ 5.5 ಹಾಯಿ 430ರ ಮೇಲೂ, 6.5 ಮತ್ತು 7.5 ಹಾಯಿಗಳು 460ರ ಮೇಲೂ ನಿಲ್ಲುತ್ತವೆ. ಆದರೆ 4.7ಕ್ಕೆ ಸಾಮಾನ್ಯವಾಗಿ ಬೇಕಾಗುವ 400ರ ಮಾಸ್ಟೇ ನಿಮ್ಮಲ್ಲಿಲ್ಲ. ತುದಿಯ ಪಟ್ಟಿಯನ್ನು ಸಡಿಲಿಸಿ ಅದನ್ನು 430ಕ್ಕೇ ಏರಿಸುತ್ತಿದ್ದಿರಬಹುದು. ಹಾಗೆ ಮಾಡಿದರೆ ಜೋರು ಗಾಳಿಯಲ್ಲಿ ಹಾಯಿಯ ಮೇಲ್ಭಾಗ ತಿರುಚಿ ಗಾಳಿಯನ್ನು ಬಿಟ್ಟುಕೊಡುವುದಿಲ್ಲ, ಭಾರವೆಲ್ಲ ಹಿಂದಿನ ಕೈಗೆ ಬೀಳುತ್ತದೆ. ಆ ಹಾಯಿ ಎಂದೂ ಹಿಡಿತಕ್ಕೆ ಬರಲಿಲ್ಲ ಎಂದು ನೀವು ಬರೆದಿರುವುದಕ್ಕೆ ಇದೇ ಕಾರಣವಿರಬೇಕು ಎಂದು ನನ್ನ ಊಹೆ. ಹಾಯಿಯನ್ನು ದೂರುವ ಮೊದಲು ಒಂದು ದಿನ ಯಾರಿಂದಲಾದರೂ 400ರ ತೆಳು ಮಾಸ್ಟನ್ನು ಎರವಲು ಪಡೆದು ನೋಡಿ. ಸರಿಹೋದರೆ ಶೇ. 75ರಷ್ಟು ಕಾರ್ಬನ್ ಇರುವ ಹಳೆಯ ತೆಳು ಮಾಸ್ಟ್ ಒಂದನ್ನು ಕೊಳ್ಳಿ. ಶೇ. 100 ಕಾರ್ಬನ್ ಹಗುರವಾದರೂ ಬೆಲೆ ಹೆಚ್ಚು, ಪೆಟ್ಟಿಗೆ ನಾಜೂಕು, ಮರಳಿ ಬರುವವರಿಗೆ ಅದರ ಅಗತ್ಯವಿಲ್ಲ. ಒಂದು ಎಚ್ಚರಿಕೆ: ದಪ್ಪ ಮಾಸ್ಟಿನ ಬುಡದ ಒಳವ್ಯಾಸ 48 ಮಿಲಿಮೀಟರ್, ತೆಳುವಿನದು 32. ಆದ್ದರಿಂದ ತೆಳು ಮಾಸ್ಟಿನ ಜೊತೆಗೆ ಅದರದೇ ಎಕ್ಸ್‌ಟೆನ್ಶನ್ನೂ ಬೂಮಿನ ಹಿಡಿಕೆಗೆ ಒಂದು ಅಡಾಪ್ಟರೂ ಬೇಕಾಗುತ್ತವೆ, ಈ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಹಳೆಯ ಮಾಸ್ಟ್ ನೋಡುವಾಗ ಎರಡು ತುಂಡು ಸೇರುವ ಜಾಗ, ಬೂಮ್ ಕಚ್ಚುವ ಜಾಗ ಮತ್ತು ಟಾರ್ಚ್ ಹಿಡಿದು ಬುಡದ ಒಳಗೋಡೆ ಈ ಮೂರನ್ನೂ ನೋಡಬೇಕು. ಉದ್ದಕ್ಕೆ ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ.

ಅಲ್ಯೂಮಿನಿಯಂ ಬೂಮಿನ ಬಾಲವನ್ನು, ಅಂದರೆ ಅದರ ಉದ್ದ ಹೊಂದಿಸುವ ಹಿಂದಿನ ತುಂಡನ್ನು, ಪೂರ್ತಿ ಹೊರಗೆಳೆಯಿರಿ. ಬಂದರೆ, ಬಿಳಿ ಪುಡಿ ಒರೆಸಿ ನೋಡಿದಾಗ ರಂಧ್ರಗಳ ಸುತ್ತ ಸೀಳಿಲ್ಲದಿದ್ದರೆ, ಇಟ್ಟುಕೊಳ್ಳಿ. ಬಾರದಿದ್ದರೆ ಬದಲಿಸಿ.

105 ಲೀಟರಿನ ಬೋರ್ಡಿನ ಮಾತು ಸ್ವಲ್ಪ ನೋವಿನದು, ಏಕೆಂದರೆ ಅದೇ ನಿಮಗೆ ಅತ್ಯಂತ ಇಷ್ಟವಾದದ್ದು ಎಂದು ಬರೆದಿದ್ದೀರಿ. ಲೆಕ್ಕ ಹಾಕಿ ನೋಡಿ: ನೀವು 84 ಕಿಲೋ, ನೆನೆದ ವೆಟ್‌ಸೂಟ್ ಮತ್ತು ಹಾರ್ನೆಸ್ 4, ಬೋರ್ಡ್ 7, ಕಟ್ಟಿದ ಹಾಯಿ 9, ಒಟ್ಟು 104. ಸಿಹಿನೀರಿನಲ್ಲಿ 105 ಲೀಟರ್ ಹೊರುವುದು 105 ಕಿಲೋ ಮಾತ್ರ, ಕೊಲ್ಲಿಯ ಉಪ್ಪುನೀರಿನಲ್ಲಿ ಇನ್ನೆರಡು ಕಿಲೋ ಹೆಚ್ಚು ಹೊತ್ತೀತು. ಅಂದರೆ ನಿಂತು ಹಗ್ಗದಿಂದ ಹಾಯಿ ಎತ್ತುವಾಗ ಬೋರ್ಡ್ ನೀರಿನ ಮಟ್ಟಕ್ಕೇ ಇಳಿದಿರುತ್ತದೆ. ಹಿಂದೆ 12 ಕಿಲೋ ಕಡಿಮೆಯಿದ್ದಾಗ ಸಾಧ್ಯವಾಗುತ್ತಿದ್ದ ಕೆಲಸ ಈಗ ಸಾಧ್ಯವಾಗದು. ನೀರಿನಲ್ಲಿ ಮಲಗಿಯೇ ಗಾಳಿಯಿಂದ ಎದ್ದುನಿಲ್ಲುವ ವಾಟರ್‌ಸ್ಟಾರ್ಟ್ ಮತ್ತೆ ಕೈಗೆ ಹತ್ತುವವರೆಗೆ 120ರಿಂದ 130 ಲೀಟರಿನ, 70 ಸೆಂಟಿಮೀಟರಿಗೂ ತುಸು ಹೆಚ್ಚು ಅಗಲದ ಫ್ರೀರೈಡ್ ಬೋರ್ಡ್ (ಸಾಮಾನ್ಯ ಓಡಾಟಕ್ಕೆಂದು ಮಾಡಿದ್ದು) ನಿಮಗೆ ಬೇಕು. ಆದರೆ ಹಳೆಯದನ್ನು ಈಗಲೇ ಮಾರಬೇಡಿ, ಮುಂದಿನ ಬೇಸಿಗೆಯ ಜೋರು ಗಾಳಿಗೆ ಅದೇ ಒದಗುತ್ತದೆ. ಹಾಗೆ ಇಟ್ಟುಕೊಳ್ಳುವ ಮೊದಲು ಅದನ್ನು ತೂಗಿ. ತಯಾರಕರು ಹೇಳಿದ ತೂಕಕ್ಕಿಂತ ಒಂದೆರಡು ಕಿಲೋ ಹೆಚ್ಚಿದ್ದರೆ ಒಳಗಿನ ಫೋಮ್ ನೀರು ಕುಡಿದಿದೆ. ಹಿಮ್ಮಡಿ ಬೀಳುವ ಜಾಗವನ್ನು ಬೆರಳಗಂಟಿನಿಂದ ತಟ್ಟುತ್ತಾ ಹೋಗಿ, ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಮಂದವಾದರೆ ಅಲ್ಲಿ ಪದರ ಬಿಟ್ಟಿದೆ. ಗಾಳಿ ಹೋಗಲು ಇರುವ ಚಿಕ್ಕ ತಿರುಪನ್ನು ಮುಚ್ಚಿಟ್ಟು ಬಿಸಿಯಾದ ಗ್ಯಾರೇಜಿನಲ್ಲಿ ಬೋರ್ಡನ್ನು ಬಿಟ್ಟಿದ್ದರೆ ಹಾಗಾಗುವ ಸಂಭವ ಹೆಚ್ಚು. ನೀರಿಗಿಳಿಸುವ ಮೊದಲು ಆ ತಿರುಪನ್ನು ಬಿಗಿಯಲೂ ಮರೆಯಬಾರದು.

ಮಿಸ್ಟ್ರಾಲನ್ನು ಯಾರಿಗಾದರೂ ಸುಮ್ಮನೆ ಕೊಟ್ಟುಬಿಡುವಂತೆ ಗೆಳೆಯರು ಹೇಳಿದ್ದಾರೆ ಎಂದಿದ್ದೀರಿ. ದಯವಿಟ್ಟು ಕೊಡಬೇಡಿ. 1996, 2000 ಮತ್ತು 2004ರ ಒಲಿಂಪಿಕ್ಸ್‌ಗಳಲ್ಲಿ ವಿಂಡ್‌ಸರ್ಫಿಂಗ್ ಸ್ಪರ್ಧಿಗಳೆಲ್ಲ ಏರಿದ್ದು ಇದೇ 3.72 ಮೀಟರಿನ ಬೋರ್ಡನ್ನು. ಬೋರ್ಡಿನ ನಡುವಿನ ಸೀಳಿನಿಂದ ನೀರಿಗಿಳಿಸುವ ಹಲಗೆಯನ್ನು, ಅಂದರೆ ಡ್ಯಾಗರ್‌ಬೋರ್ಡನ್ನು, ಇಳಿಸಿದರೆ ಹತ್ತು ನಾಟ್ ಗಾಳಿಯಲ್ಲೂ ಅದು ಗಾಳಿಗೆ ಎದುರಾಗಿ ಸಲೀಸಾಗಿ ಏರುತ್ತದೆ. ಮರಳಿ ಕಲಿಯುವವರಿಗೆ, ಹೊರಟ ಜಾಗಕ್ಕೇ ಹಿಂತಿರುಗಬೇಕಾದವರಿಗೆ ಇದಕ್ಕಿಂತ ನಂಬಿಕಸ್ಥ ಬೋರ್ಡಿಲ್ಲ. ನಿಮ್ಮ 12 ವರ್ಷದ ಮಗಳು ಮೊದಲ ಪಾಠ ಕಲಿಯಲೂ ಅದು ಸಾಕು, ಅವಳಿಗೊಂದು ಮೂರು ಚದರ ಮೀಟರಿನ ಹಗುರ ಹಾಯಿ ಮಾತ್ರ ಬೇಕು. ಡ್ಯಾಗರ್‌ಬೋರ್ಡಿನ ಸೀಳಿಗೆ ಅಂಟಿಸಿದ ರಬ್ಬರ್ ತುಟಿಗಳು ಹರಿದಿದ್ದರೆ ಬದಲಿಸಿ. ಬೋರ್ಡ್ 15 ಕಿಲೋಗೂ ಹೆಚ್ಚು ತೂಗುವುದರಿಂದ ಕಾರಿನ ಮೇಲೇರಿಸಲು ಇಬ್ಬರು ಬೇಕು.

ಫಾಯಿಲ್ ಈಗ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿಂಡ್‌ಸರ್ಫಿಂಗ್ ಐಕ್ಯೂಫಾಯಿಲ್ ಎಂಬ ಫಾಯಿಲ್ ಬೋರ್ಡಿಗೆ ಬದಲಾಗಿದ್ದು ನಿಜ, ಕಡಿಮೆ ಗಾಳಿಯಲ್ಲಿ ನೀರಿನಿಂದ ಮೇಲೆದ್ದು ಹಾರುವ ಆ ಸುಖವೂ ನಿಜ. ಆದರೆ ಮುಕ್ಕಾಲು ಮೀಟರಿಗೂ ಉದ್ದದ ಫಾಯಿಲ್ ಸನ್ನೆಗೋಲಿನಂತೆ ಫಿನ್ ಪೆಟ್ಟಿಗೆಯನ್ನು ಮೀಟುತ್ತದೆ. ಅದಕ್ಕೆಂದು ಬಲಪಡಿಸದ ನಿಮ್ಮ ಹಳೆಯ ಬೋರ್ಡಿನ ಪೆಟ್ಟಿಗೆ ಕಿತ್ತುಬರುವ ಅಪಾಯವಿದೆ. ಕೊಲ್ಲಿಯ ದಕ್ಷಿಣ ಭಾಗದಲ್ಲಿ ಇಳಿತದ ವೇಳೆ ಕೆಸರು ಮೇಲೆ ಬರುವಷ್ಟು ನೀರು ತೆಳುವಾಗುತ್ತದೆ ಎಂಬುದನ್ನೂ ನೆನಪಿಡಿ.

ಮಾರುವ ವಿಚಾರಕ್ಕೆ ಬಂದರೆ, ಕೈಯಲ್ಲಿ ಹಿಡಿಯುವ ವಿಂಗ್ ಬಂದ ಮೇಲೆ ಅನೇಕರು ಅತ್ತ ಹೋದದ್ದರಿಂದ ಹಳೆಯ ವಿಂಡ್‌ಸರ್ಫಿಂಗ್ ಸಾಮಗ್ರಿಗೆ ಬೆಲೆ ಇಳಿದಿದೆ. ಮಾರಿದರೆ ಹೆಚ್ಚೇನೂ ಬಾರದು, ಕೊಳ್ಳುವಾಗ ಆ ಇಳಿಕೆಯೇ ನಿಮಗೆ ಲಾಭ. 7.5 ಹಾಯಿ ಪರೀಕ್ಷೆಯಲ್ಲಿ ಗೆದ್ದರೂ ಅದನ್ನು ಮಾರಬೇಡಿ, ಮಿಸ್ಟ್ರಾಲಿಗೆ 7.4ರ ಹಾಯಿಯೇ ಅಧಿಕೃತ ಅಳತೆಯಾಗಿದ್ದುದರಿಂದ ಅದು ಅಲ್ಲಿಗೇ ಒಪ್ಪುತ್ತದೆ. ಸೋತ ಹಾಯಿಯನ್ನು ಕಲಿಯುವವರಿಗೆಂದು ದಾನ ಮಾಡಬೇಡಿ. ನಮಗೆ ಅಪಾಯವೆನಿಸಿದ್ದು ಹೊಸಬರಿಗೆ ಇನ್ನೂ ದೊಡ್ಡ ಅಪಾಯ. ಅದರ ಬ್ಯಾಟನ್‌ಗಳನ್ನೂ (ಹಾಯಿಯ ಆಕಾರ ಹಿಡಿಯುವ ಕಡ್ಡಿಗಳು) ರಾಟೆಗಳನ್ನೂ ಬಿಚ್ಚಿ ಇಟ್ಟುಕೊಳ್ಳಿ, ಗಟ್ಟಿಯಿರುವ ಬಟ್ಟೆಯಿಂದ ಒಳ್ಳೆಯ ಚೀಲಗಳಾಗುತ್ತವೆ. ಮುರಿದ ಕಾರ್ಬನ್ ಮಾಸ್ಟ್ ಇದ್ದರೆ ಕೈಗವಸು ಹಾಕಿ ತುದಿಗೆ ಟೇಪ್ ಸುತ್ತಿ ಎಸೆಯಿರಿ, ಅದರ ಸಿಬಿರು ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಬಹಳ ಕಷ್ಟ.

ಹೊಸ ಬೋರ್ಡಿಗೆ ದುಡ್ಡು ಕೊಡುವ ಮೊದಲು ಮೌಂಟನ್ ವ್ಯೂನ ಶೋರ್‌ಲೈನ್ ಕೆರೆಯಲ್ಲಿ ಎರಡು ಮೂರು ದಿನ ಬಾಡಿಗೆಯ ಬೋರ್ಡಿನ ಮೇಲೆ ನಿಂತು ನೋಡಿ. ಅದು ಕಟ್ಟಿದ ಕೆರೆ, ಹೇಗೆ ತೇಲಿಹೋದರೂ ಯಾವುದಾದರೊಂದು ದಡ ಸಿಗುತ್ತದೆ. ಆಮೇಲೆ ಮಿಸ್ಟ್ರಾಲ್ ಮತ್ತು 5.5 ಹಾಯಿಯೊಂದಿಗೆ, ಹೊಸ ಕೀಲು ಹಾಕಿ, ಕೊಯೋಟಿ ಪಾಯಿಂಟ್‌ಗೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಬನ್ನಿ. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾದು ಸಮುದ್ರದ ತಣ್ಣನೆಯ ಗಾಳಿಯನ್ನು ಎಳೆದುಕೊಳ್ಳುವುದು ಸಾಮಾನ್ಯವಾಗಿ ಮಧ್ಯಾಹ್ನದ ನಂತರ. ಅದಕ್ಕೂ ಮೊದಲಿನ ಮೆಲುಗಾಳಿಯಲ್ಲಿ ಕೈಕಾಲುಗಳಿಗೆ ಹಳೆಯ ಅಭ್ಯಾಸ ನೆನಪಾಗುತ್ತದೆ. ಕ್ರಿಸ್ಸಿ ಫೀಲ್ಡ್ ಕಡೆಗೆ ಈ ವರ್ಷ ಹೋಗಬೇಡಿ, ಅಲ್ಲಿ ಇಳಿತದ ಸೆಳೆತ ಗೋಲ್ಡನ್ ಗೇಟ್ ಸೇತುವೆಯ ಕೆಳಗಿನಿಂದ ನೇರ ಸಾಗರಕ್ಕೆ ಒಯ್ಯುತ್ತದೆ. ಹಾಯಿಗಳ ಮೇಲೆ ಅಚ್ಚಾಗಿರುವ ಅಂಕಿಗಳನ್ನೂ 105 ಲೀಟರಿನ ಬೋರ್ಡಿನ ಈಗಿನ ತೂಕವನ್ನೂ ಇಲ್ಲಿ ಬರೆದರೆ, ಯಾವ ಮಾಸ್ಟ್ ಮತ್ತು ಯಾವ ಫಿನ್ ಹುಡುಕಬೇಕೆಂದು ನಿಖರವಾಗಿ ಹೇಳುತ್ತೇನೆ.