ಪುಟ್ ಅಪ್ ಅಂದರೆ ಉಳಿಯುವುದೋ, ತಡೆದುಕೊಳ್ಳುವುದೋ?

ಪ್ರಶ್ನೆ: ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿದ್ದೆ. 'ವೇರ್ ಆರ್ ಯು ಪುಟ್ ಅಪ್?' ಅಂತ ಕೇಳಿದರು. ಅರ್ಥವಾಗದೆ ಸುಮ್ಮನೆ ಕೂತೆ. ಎಲ್ಲಿ ಉಳಿದುಕೊಂಡಿದ್ದೀಯ ಅಂತ ಕೇಳಿದ್ದು ಅದು ಎಂದು ಆಮೇಲೆ ಗೆಳತಿ ಹೇಳಿದಳು. ಈಗ ಒಂದು ಇಂಗ್ಲಿಷ್ ಕಥೆಯಲ್ಲಿ 'ಐ ಕಾಂಟ್ ಪುಟ್ ಅಪ್ ವಿತ್ ಹಿಮ್' ಎಂಬ ಸಾಲು ಸಿಕ್ಕಿದೆ. ಅವನ ಜೊತೆ ಒಂದೇ ಮನೆಯಲ್ಲಿ ಉಳಿಯೋಕೆ ಆಗಲ್ಲ ಅಂತ ಅರ್ಥ ಮಾಡಿಕೊಂಡೆ. ಸರೀನಾ?
– ಒಬ್ಬ ಓದುಗರು, ಹಾವೇರಿ

ಉತ್ತರ: ನೀವು ಹಾಗೆ ಅಂದುಕೊಂಡಿದ್ದು ಸಹಜ, ಆದರೆ ಅರ್ಥ ಅದಲ್ಲ. ಆ ಸಾಲಿನಲ್ಲಿ ಮನೆಯ ಮಾತೇ ಇಲ್ಲ. 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊಳ್ಳುವುದು. 'ಅವನನ್ನ ತಡ್ಕೊಳ್ಳೋಕೆ ನನ್ನಿಂದ ಆಗಲ್ಲ' ಅಂತ ಆ ಪಾತ್ರ ಹೇಳುತ್ತಿದೆ, ಅಷ್ಟೇ.

ಇಷ್ಟವಿಲ್ಲ, ಬೇರೆ ದಾರಿಯೂ ಇಲ್ಲ, ಹಲ್ಲು ಕಚ್ಚಿಕೊಂಡು ಇರಬೇಕು ಅನ್ನುವ ಕಡೆ ಈ ಮಾತು ಬರುತ್ತದೆ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ, ಬೆಳಗ್ಗೆ ಏಳಕ್ಕೇ ಟೈಲ್ಸ್ ಕತ್ತರಿಸುವ ಮಿಷನ್ ಕಿರ್ರೆನ್ನುತ್ತದೆ, ಕಿಟಕಿ ಹಾಕಿದರೂ ದೂಳು ಒಳಗೆ ಬರುತ್ತದೆ, ಆದರೆ ಗೃಹಪ್ರವೇಶದವರೆಗೆ ನಾವೇನೂ ಮಾಡುವ ಹಾಗಿಲ್ಲ. ಆಗ 'ವಿ ಹ್ಯಾವ್ ಟು ಪುಟ್ ಅಪ್ ವಿತ್ ದ ನಾಯ್ಸ್' ಅನ್ನಬಹುದು. ಸಿಡುಕುವ ಬಾಸ್ ಇದ್ದರೆ ಗೆಳತಿ ಕೇಳುತ್ತಾಳೆ: 'ಹೌ ಡು ಯು ಪುಟ್ ಅಪ್ ವಿತ್ ಹಿಮ್?' ಅವನ ಜೊತೆ ಹೇಗೆ ಏಗ್ತೀಯೇ ಮಾರಾಯ್ತಿ, ಅಂತ! 'ಟಾಲರೇಟ್' ಅಂದರೂ ತಪ್ಪಲ್ಲ, ಆದರೆ ಅದು ಸ್ವಲ್ಪ ಪುಸ್ತಕದ ಮಾತು. ಮನೆಯಲ್ಲಿ, ಗೆಳೆಯರ ನಡುವೆ ಇದೇ ಜಾಸ್ತಿ.

ಇನ್ನು 'ವಿತ್' ಇಲ್ಲದ ಪುಟ್ ಅಪ್. ಇದಕ್ಕೆ ಹಲವು ಕೆಲಸ. ಮನೆ ಮುಂದೆ ಶಾಮಿಯಾನ ಹಾಕಿದರೆ 'ದೇ ಪುಟ್ ಅಪ್ ಎ ಶಾಮಿಯಾನ'. ಓನರ್ ಬಾಡಿಗೆ ಏರಿಸಿದರೆ 'ಹಿ ಹ್ಯಾಸ್ ಪುಟ್ ಅಪ್ ದ ರೆಂಟ್'. ಚಿಕ್ಕಪ್ಪ ಎರಡು ದಿನ ಮನೆಯಲ್ಲಿ ಉಳಿಸಿಕೊಂಡರೆ 'ಮೈ ಅಂಕಲ್ ಪುಟ್ ಮಿ ಅಪ್ ಫಾರ್ ಟೂ ಡೇಸ್'. ನಿಮ್ಮ ಇಂಟರ್‌ವ್ಯೂ ಪ್ರಶ್ನೆ ಈ ಕೊನೆಯ ಅರ್ಥದ ಬಳಗ. ನಮ್ಮ ದೇಶದಲ್ಲಿ ಅದನ್ನ ಕಾಯಂ ವಿಳಾಸಕ್ಕೂ ಕೇಳುತ್ತಾರೆ, ಇಂಗ್ಲೆಂಡಿನವರು ಸಾಮಾನ್ಯವಾಗಿ 'ವೇರ್ ಡು ಯು ಲಿವ್?' ಅಂತಲೇ ಕೇಳುತ್ತಾರೆ.

ನಮ್ಮ ಕಚೇರಿಗಳಲ್ಲಿ ಇನ್ನೊಂದು ಅರ್ಥ ಇದೆ. ನನ್ನ ತಂದೆ ತಾಲ್ಲೂಕು ಕಚೇರಿಯಲ್ಲಿ ಕೇಸ್ ವರ್ಕರ್ ಆಗಿದ್ದರು. ಲಾಡಿ ಕಟ್ಟಿದ ಫೈಲು ಮನೆಗೆ ತಂದು, ರಾತ್ರಿ ಊಟ ಆದಮೇಲೆ ನೆಲದ ಮೇಲೆ ಕೂತು ಟಿಪ್ಪಣಿ ಬರೆಯುತ್ತಿದ್ದರು. 'ನಾಳೆ ಸಾಹೇಬರಿಗೆ ಪುಟ್ ಅಪ್ ಮಾಡಬೇಕು' ಅನ್ನುತ್ತಿದ್ದರು. ಕಡತ ಮಂಡಿಸಬೇಕು ಅಂತ. ನಾನು ಮೊದಲು ಕಲಿತ ಪುಟ್ ಅಪ್ ಇದೇ.

ಬಳಸುವಾಗ ಒಂದು ವಿಷಯ ನೋಡಿಕೊಳ್ಳಿ. ಪೋಸ್ಟರ್ ಅಂಟಿಸು ಅನ್ನಲು 'ಪುಟ್ ಅಪ್ ದ ಪೋಸ್ಟರ್', 'ಪುಟ್ ದ ಪೋಸ್ಟರ್ ಅಪ್' ಎರಡೂ ಸರಿ. 'ಇಟ್' ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: 'ಪುಟ್ ಇಟ್ ಅಪ್'. 'ಪುಟ್ ಅಪ್ ಇಟ್' ತಪ್ಪು. ಆದರೆ 'ಪುಟ್ ಅಪ್ ವಿತ್' ಅನ್ನು ಒಡೆಯಲೇಬಾರದು, 'ಪುಟ್ ಅಪ್ ವಿತ್ ಇಟ್' ಅಂತಲೇ ಹೇಳಬೇಕು. ನಿನ್ನೆಯ ಮಾತಾದರೂ 'ಪುಟ್' ಪುಟ್ಟೇ, ಅದಕ್ಕೆ 'ಎಡ್' ಸೇರಿಸಬೇಡಿ.

ಒಂದು ಚಿಕ್ಕ ಪದಕ್ಕೆ ಅರ್ಥ ಇಷ್ಟು ಬದಲಾಗುತ್ತಾ ಅಂತ ಗಾಬರಿ ಬೇಡ. ಕನ್ನಡದಲ್ಲಿ ನಾವು ಇದನ್ನೇ ಮಾಡುತ್ತೇವೆ ಅಲ್ವಾ? ಕೈಕೊಟ್ಟ ಅಂದರೆ ಮೋಸ ಮಾಡಿದ, ಕೈಹಿಡಿದ ಅಂದರೆ ಮದುವೆಯಾದ ಅಥವಾ ನೆರವಾದ, ಕೈಬಿಟ್ಟ ಅಂದರೆ ನಡುನೀರಿನಲ್ಲಿ ಬಿಟ್ಟು ಹೋದ. ಇಂಗ್ಲಿಷಿನಲ್ಲಿ ಹಿಂದೆ ಬರುವ ಸಣ್ಣ ಪದ ಬದಲಾಗುತ್ತದೆ, ನಮ್ಮಲ್ಲಿ ಕೈ ಹಾಗೇ ಇದ್ದು ಕ್ರಿಯಾಪದ ಬದಲಾಗುತ್ತದೆ. ಕೈ ಮತ್ತು ಕೊಡು ಅಂತ ಬಿಡಿಸಿ ಯಾರೂ ಅರ್ಥ ಹುಡುಕಲ್ಲ. ಪುಟ್ ಅಪ್ ವಿತ್ ಕೂಡ ಹಾಗೆ, ಇಡಿಯಾಗಿ ಕಲಿಯಿರಿ. ಇವತ್ತು ನೀವು ಸಹಿಸಿಕೊಂಡ ಒಂದು ವಿಷಯ ನೆನಪಿಸಿಕೊಂಡು ಒಂದು ವಾಕ್ಯ ಬರೆಯಿರಿ, ಜೋರಾಗಿ ಓದಿ.

ಮುಂದಿನ ಇಂಟರ್‌ವ್ಯೂನಲ್ಲಿ ಮತ್ತೆ ಕೇಳಿದರೆ 'ಐಯಾಮ್ ಸ್ಟೇಯಿಂಗ್ ವಿತ್ ಮೈ ಫ್ರೆಂಡ್ ಇನ್ ರಾಜಾಜಿನಗರ' ಅನ್ನಿ, ಅಥವಾ ನೀವು ಇರುವ ಏರಿಯಾ ಹೆಸರು ಹೇಳಿ, ಸಾಕು.