ಕ್ಯಾಲಿಫೋರ್ನಿಯಾದ ಎರಡು ವರ್ಷದ ಡಿಗ್ರಿಗೆ 60 ಯೂನಿಟ್ ಮಾಡಿದರೆ ಸಾಕಾ?

ನಿಮ್ಮ ಪ್ರಶ್ನೆ ಓದಿದೆ. ಪಿಯುಸಿ ಆಗಿ, ದಾವಣಗೆರೆಯಲ್ಲಿ ಬಿ.ಕಾಂ. ಮೊದಲ ವರ್ಷ ಮುಗಿಸಿದ ಮೇಲೆ ಓದು ನಿಂತುಹೋಯಿತು. ಈಗ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿ ಫ್ರೀಮಾಂಟಿನಲ್ಲಿದ್ದೀರಿ, ಮನೆಯಲ್ಲಿ ಪುಟ್ಟ ಮಗುವಿದೆ. ಕಮ್ಯುನಿಟಿ ಕಾಲೇಜಿನಲ್ಲಿ ಚಿಕ್ಕ ಮಕ್ಕಳ ಶಿಕ್ಷಣದ ಅಸೋಸಿಯೇಟ್ ಡಿಗ್ರಿ, ಅಂದರೆ ಎರಡು ವರ್ಷದ ಡಿಗ್ರಿ ಮಾಡಿ ಪ್ರೀಸ್ಕೂಲ್ ಟೀಚರ್ ಆಗಬೇಕು ಅಂತಿದ್ದೀರಿ. ಅದಕ್ಕೆ ಏನೇನು ಬೇಕು, ಎರಡೇ ವರ್ಷಕ್ಕೆ ಮುಗಿಯುತ್ತಾ, ಗಣಿತದ ಭಯಕ್ಕೆ ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಇದೇ ಬೇ ಏರಿಯಾದಲ್ಲಿ, ಇದೇ ವಿಷಯದಲ್ಲಿ ಡಿಗ್ರಿ ಮುಗಿಸಿದವಳು. ಈಗ ಪ್ರೀಸ್ಕೂಲಿನಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಹಾಗೆಯೇ ಕೇಳುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಜನ ಇದ್ದಾರೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಲ್ಲರೂ ಮೊದಲು ಹೇಳುವುದು 60 ಯೂನಿಟ್ ಎಂಬ ಲೆಕ್ಕ. ಯೂನಿಟ್ ಅಂದರೆ ಒಂದು ಕೋರ್ಸಿನ ಓದು ಎಷ್ಟು ಅಂತ ಅಳೆಯುವ ಅಳತೆ. ಅದು ಸರಿ, ಆದರೆ ಅಷ್ಟೇ ಅಲ್ಲ. 60 ಯೂನಿಟ್ ಕೂಡಿಸಿಯೂ ಡಿಗ್ರಿ ಸಿಗದೆ ಕೂತವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಲ್ಲಿ ಡಿಗ್ರಿ ಅಂದರೆ ಖಾನೆ ಖಾನೆಯಾಗಿ ತುಂಬಬೇಕಾದ ಒಂದು ಪಟ್ಟಿ. ಸಾಮಾನ್ಯ ಶಿಕ್ಷಣಕ್ಕೆ ಕೆಲವು ಖಾನೆ, ನಿಮ್ಮ ಮುಖ್ಯ ವಿಷಯಕ್ಕೆ ಕೆಲವು. ಉಳಿದದ್ದು ಎಲೆಕ್ಟಿವ್, ಅಂದರೆ ನೀವೇ ಆರಿಸಿಕೊಳ್ಳುವ ಕೋರ್ಸುಗಳು. ನೀವು ಓದಿದ ಪ್ರತಿ ಕೋರ್ಸೂ ಯಾವುದಾದರೂ ಒಂದು ಖಾನೆಗೆ ಬೀಳಬೇಕು. ಮುಖ್ಯ ವಿಷಯದಲ್ಲಿ ಕಡಿಮೆ ಅಂದರೂ 18 ಯೂನಿಟ್ ಇರಬೇಕು. ಒಟ್ಟು ಜಿಪಿಎ, ಅಂದರೆ ಎಲ್ಲ ಗ್ರೇಡುಗಳ ಸರಾಸರಿ, 2.0 ಇರಬೇಕು. ಮುಖ್ಯ ವಿಷಯದ ಪ್ರತಿ ಕೋರ್ಸಿನಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬರಬೇಕು. ಡಿಗ್ರಿ ಕೊಡುವ ಕಾಲೇಜಿನಲ್ಲೇ ಕನಿಷ್ಠ 12 ಯೂನಿಟ್ ಓದಿರಬೇಕು.

ಇಲ್ಲಿ ಸಿ ಅಂದರೆ ಸಾಮಾನ್ಯವಾಗಿ ನೂರಕ್ಕೆ 70. ನಾವು ಊರಿನಲ್ಲಿ ಓದುವಾಗ ಇದ್ದ, 35 ಬಂದರೆ ಪಾಸ್ ಅನ್ನುವ ಲೆಕ್ಕ ತಲೆಯಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಆದರೆ ಹೆದರುವಂಥದ್ದೂ ಅಲ್ಲ. ಎಲ್ಲ ಅಂಕವೂ ಕೊನೆಯ ಒಂದು ಪರೀಕ್ಷೆಯ ಮೇಲೆ ನಿಂತಿರುವುದಿಲ್ಲ. ವಾರ ವಾರದ ಕ್ವಿಜ್, ಮನೆಗೆಲಸ, ಚರ್ಚೆ, ಪ್ರಾಜೆಕ್ಟ್ ಎಲ್ಲಕ್ಕೂ ಅಂಕವಿದೆ. ಬಿಡದೆ ಮಾಡುತ್ತಾ ಹೋದವರಿಗೆ 70 ದಾಟುವುದು ಕಷ್ಟವಲ್ಲ. ಎರಡು ವಾರ ತಪ್ಪಿಸಿದರೆ ಮಾತ್ರ ಮತ್ತೆ ಹಿಡಿಯುವುದು ಕಷ್ಟ.

ಈಗ ಎರಡು ವರ್ಷದ ಮಾತು. 12 ಯೂನಿಟ್ ತಗೊಂಡರೆ ಫುಲ್ ಟೈಮ್ ವಿದ್ಯಾರ್ಥಿ ಅನ್ನುತ್ತಾರೆ. ಆದರೆ ನಾಲ್ಕು ಸೆಮಿಸ್ಟರ್ 12ರಂತೆ ಓದಿದರೆ ಆಗುವುದು 48. ಎರಡು ವರ್ಷಕ್ಕೆ ಮುಗಿಸಬೇಕಾದರೆ ಪ್ರತಿ ಸೆಮಿಸ್ಟರಿಗೆ 15 ಬೇಕು, ಇಲ್ಲವೇ ಬೇಸಿಗೆಯಲ್ಲೂ ಓದಬೇಕು. ಒಂದು ಯೂನಿಟ್ ಅಂದರೆ ವಾರಕ್ಕೆ ಒಂದು ಗಂಟೆ ಕ್ಲಾಸ್, ಅದರ ಮೇಲೆ ಎರಡು ಗಂಟೆ ಓದು-ಬರಹ ಅಂತ ಇಟ್ಟುಕೊಳ್ಳಿ. 15 ಯೂನಿಟ್ ಅಂದರೆ ವಾರಕ್ಕೆ 45 ಗಂಟೆ. ಮನೆ, ಅಡುಗೆ, ಮಗು, ಅದರ ಜ್ವರ ನೆಗಡಿ ಎಲ್ಲದರ ನಡುವೆ 45 ಗಂಟೆ! ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ಸೆಮಿಸ್ಟರಿಗೆ ಎರಡೇ ಕೋರ್ಸ್, ಅಂದರೆ 6 ಯೂನಿಟ್ ತಗೊಳ್ಳುತ್ತೇನೆ. ಮೂರೂವರೆ, ನಾಲ್ಕು ವರ್ಷ ಹಿಡಿದರೆ ಹಿಡಿಯಲಿ. ಪದವಿ ಪತ್ರದ ಮೇಲೆ ಎಷ್ಟು ವರ್ಷ ಹಿಡಿಯಿತು ಅಂತ ಯಾರೂ ಬರೆಯುವುದಿಲ್ಲ.

ಅದಕ್ಕಿಂತ ಮುಂಚೆ ಫೀಸಿನ ವಿಷಯ ಗಟ್ಟಿ ಮಾಡಿಕೊಳ್ಳಿ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. ಮೂರು ಯೂನಿಟ್ ಕೋರ್ಸಿಗೆ 138 ಡಾಲರ್. ನಿವಾಸಿ ಅಲ್ಲದವರಿಗೆ ಇದರ ಹಲವು ಪಟ್ಟು. ಎಫ್-1 ಎಂಬ ವಿದ್ಯಾರ್ಥಿ ವೀಸಾದವರು ಎಷ್ಟು ವರ್ಷ ಇದ್ದರೂ ಈ ಲೆಕ್ಕಕ್ಕೆ ನಿವಾಸಿ ಆಗುವುದಿಲ್ಲ, ಆದರೆ ಎಚ್-4 ಇರುವವರು ಆಗಬಹುದು. ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಇಲ್ಲಿ ನೆಲೆಸಿ ಒಂದು ವರ್ಷ ಒಂದು ದಿನ ಆಗಿರಬೇಕು. ಅದಕ್ಕೆ ಕಾಗದ ತೋರಿಸಬೇಕು. ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರು, ಇಲ್ಲಿನ ಡ್ರೈವಿಂಗ್ ಲೈಸೆನ್ಸ್, ರಾಜ್ಯದ ತೆರಿಗೆ ರಿಟರ್ನ್, ಇಂಥವು. ನಮ್ಮ ಮನೆಗಳಲ್ಲಿ ಎಲ್ಲವೂ ಗಂಡನ ಹೆಸರಿನಲ್ಲೇ ಇರುತ್ತದೆ, ಅಲ್ವಾ? ಬಾಡಿಗೆ ಕರಾರು, ಕರೆಂಟ್ ಬಿಲ್ ಎಲ್ಲದರಲ್ಲೂ ನಿಮ್ಮ ಹೆಸರನ್ನು ಇವತ್ತೇ ಸೇರಿಸಿ. ಬಂದು ವರ್ಷ ತುಂಬಿಲ್ಲದಿದ್ದರೆ ಅವಸರ ಮಾಡಬೇಡಿ, ತುಂಬಿದ ಮೇಲೆ ಸೇರಿ. ಸರ್ಕಾರದ ಫೆಡರಲ್ ನೆರವು ಎಚ್-4ಗೆ ಸಿಗುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ದಾವಣಗೆರೆಯ ಓದು ಲೆಕ್ಕಕ್ಕೆ ಬರುತ್ತಾ ಅಂದರೆ, ಸ್ವಲ್ಪ ಬರಬಹುದು. ಪಿಯುಸಿಯನ್ನು ಇಲ್ಲಿ ಹೈಸ್ಕೂಲ್ ಮುಗಿಸಿದ್ದಕ್ಕೆ ಸಮ ಅಂತ ನೋಡುತ್ತಾರೆ, ಅದಕ್ಕೆ ಯೂನಿಟ್ ಸಿಗುವುದಿಲ್ಲ. ಬಿ.ಕಾಂ. ಮೊದಲ ವರ್ಷದ ಕೋರ್ಸುಗಳನ್ನು ಡಬ್ಲ್ಯೂಇಎಸ್‌ನಂಥ, ಹೊರದೇಶದ ಓದನ್ನು ಇಲ್ಲಿನ ಲೆಕ್ಕಕ್ಕೆ ಹೋಲಿಸುವ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಯಾವ ಸಂಸ್ಥೆಯ ವರದಿ ಒಪ್ಪುತ್ತಾರೆ ಅಂತ ಮೊದಲು ಕಾಲೇಜಿನಲ್ಲಿ ಕೇಳಿಕೊಳ್ಳಿ, ಆಮೇಲೆ ದುಡ್ಡು ಕಟ್ಟಿ. ವಿಷಯವಾರು ವರದಿ ಬೇಕು ಅಂತ ಸ್ಪಷ್ಟವಾಗಿ ಹೇಳಿ. ಹೆಚ್ಚಿನ ಸಲ ನಮ್ಮ ಕೋರ್ಸುಗಳು ಎಲೆಕ್ಟಿವ್ ಖಾನೆಗೆ ಹೋಗುತ್ತವೆ. ಇಲ್ಲಿನ ಇಂಗ್ಲಿಷ್ ಪ್ರಬಂಧ, ಭಾಷಣ ಕಲೆಯ ಖಾನೆಗಳಿಗೆ ಅವು ಹೊಂದುವುದು ಕಷ್ಟ.

ಇದರಲ್ಲಿ ನಮ್ಮವರಿಗೇ ಬರುವ ಒಂದು ತೊಡಕಿದೆ. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಅಪ್ಪನ ಹೆಸರೋ ಊರಿನ ಹೆಸರೋ ಆಗಿ ಬಿಡಿಸಿಕೊಂಡಿರುತ್ತದೆ. ಮದುವೆಯಾದ ಮೇಲೆ ಗಂಡನ ಹೆಸರೂ ಸೇರಿರುತ್ತದೆ. ಮೂರೂ ಒಬ್ಬರೇ ಅಂತ ತೋರಿಸಲು ಮದುವೆ ಪ್ರಮಾಣಪತ್ರ, ಬೇಕಾದರೆ ಅಫಿಡವಿಟ್ ಸಿದ್ಧವಿರಲಿ. ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಲು ಊರಿನಲ್ಲಿ ಓಡಾಡುವವರೊಬ್ಬರು ಬೇಕು. ತಮ್ಮನಿಗೋ ಚಿಕ್ಕಪ್ಪನ ಮಗನಿಗೋ ಈಗಲೇ ಹೇಳಿಡಿ.

ಸಾಮಾನ್ಯ ಶಿಕ್ಷಣದ ಖಾನೆಗಳು ಯಾವುವು? ಕಾಲೇಜಿನದೇ ಡಿಗ್ರಿ ಸಾಕು ಅನ್ನುವವರಿಗೆ ಒಂದು ಪಟ್ಟಿ, ಮುಂದೆ ನಾಲ್ಕು ವರ್ಷದ ಡಿಗ್ರಿಗೆ ಹೋಗುವವರಿಗೆ ಇನ್ನೊಂದು. ಎರಡನೆಯದರ ಹೆಸರು ಕ್ಯಾಲ್-ಗೆಟ್ಸಿ. 2025ರ ಫಾಲ್ ಸೆಮಿಸ್ಟರಿನಿಂದ ಜಾರಿಗೆ ಬಂದಿದೆ, 34 ಯೂನಿಟ್. ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ, ಗಣಿತ, ಕಲೆ-ಸಾಹಿತ್ಯ, ಸಮಾಜ ವಿಜ್ಞಾನ, ಲ್ಯಾಬ್ ಸಮೇತ ವಿಜ್ಞಾನ, ಎಥ್ನಿಕ್ ಸ್ಟಡೀಸ್ (ಇಲ್ಲಿನ ಜನಾಂಗೀಯ ಸಮುದಾಯಗಳ ಅಧ್ಯಯನ), ಇಷ್ಟೂ ಅದರಲ್ಲಿವೆ. ನನ್ನ ಸಲಹೆ ಕೇಳಿದರೆ ಕ್ಯಾಲ್-ಗೆಟ್ಸಿಯನ್ನೇ ಹಿಡಿಯಿರಿ. ಚಿಕ್ಕ ಮಕ್ಕಳ ಶಿಕ್ಷಣದಲ್ಲಿ ಎಎಸ್-ಟಿ ಎಂಬ ವರ್ಗಾವಣೆ ಡಿಗ್ರಿ ಇದೆ. ಅದನ್ನು ಮುಗಿಸಿ ನಿಯಮದಂತೆ ಅರ್ಜಿ ಹಾಕಿದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದರೂ ಒಂದು ಕ್ಯಾಂಪಸ್‌ನಲ್ಲಿ ಸೀಟು ಖಾತ್ರಿ. ಇಂಥದ್ದೇ ಕ್ಯಾಂಪಸ್ ಅಂತ ಖಾತ್ರಿ ಇಲ್ಲ. ಅದೇ ವಿಷಯದ ಸಾಲಿನಲ್ಲಿ ಮುಂದುವರಿದರೆ ಇನ್ನು 60 ಯೂನಿಟ್‌ಗೆ ಬ್ಯಾಚುಲರ್ ಆಗುತ್ತದೆ. ಇವತ್ತು ಬ್ಯಾಚುಲರ್ ಬೇಡ ಅನ್ನಿಸಬಹುದು. ಮಗು ದೊಡ್ಡದಾದ ಮೇಲೆ ಬೇಕು ಅನ್ನಿಸಿದರೆ ಬಾಗಿಲು ತೆರೆದಿರಲಿ.

ಗಣಿತಕ್ಕೆ ಬರೋಣ. 2017ರಲ್ಲಿ ಎಬಿ 705 ಎಂಬ ಕಾನೂನು ಬಂತು. ಅದಕ್ಕೂ ಮೊದಲು ಯಾವ ಹಂತದ ಕ್ಲಾಸಿಗೆ ಹಾಕಬೇಕು ಅಂತ ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಯೂನಿಟ್ಟೇ ಲೆಕ್ಕಕ್ಕೆ ಬಾರದ ಕೆಳಹಂತದ ಗಣಿತದಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಿದ್ದರು. ಈಗ ಹಾಗಿಲ್ಲ. ನೇರವಾಗಿ ಡಿಗ್ರಿಗೆ ಸಲ್ಲುವ ಕೋರ್ಸಿಗೇ ಸೇರಬಹುದು. ಬೇಕಾದವರಿಗೆ ಜೊತೆಯಲ್ಲೇ ಒಂದು ಸಹಾಯಕ ಕ್ಲಾಸ್ ಇರುತ್ತದೆ. ನಿಮ್ಮ ವಿಷಯಕ್ಕೆ ಕ್ಯಾಲ್ಕುಲಸ್ ಬೇಡ, ಸ್ಟ್ಯಾಟಿಸ್ಟಿಕ್ಸ್ ಸಾಕು. ಕಾಮರ್ಸ್ ಓದಿದವರಿಗೆ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ ಹೊಸದಲ್ಲ. ನಿಜವಾಗಿಯೂ ಭಯಪಡುವ ಅಗತ್ಯವಿಲ್ಲ.

ನನಗೆ ಕೇಳಿದರೆ ನಮ್ಮವರಿಗೆ ಜಾಸ್ತಿ ಅಭ್ಯಾಸ ಬೇಕಾದದ್ದು ಇಂಗ್ಲಿಷ್ ಬರವಣಿಗೆಗೆ ಮತ್ತು ಭಾಷಣಕ್ಕೆ. ನಾವು ನೋಟ್ಸ್ ಬಾಯಿಪಾಠ ಮಾಡಿ ಬರೆದು ಬಂದವರು. ಇಲ್ಲಿ ನಿಮ್ಮ ವಾದ ಏನು, ಅದಕ್ಕೆ ಆಧಾರ ಎಲ್ಲಿದೆ ಅಂತ ಕೇಳುತ್ತಾರೆ. ಇನ್ನೊಬ್ಬರ ಒಂದು ಸಾಲು ತಗೊಂಡರೂ ಯಾರದು ಅಂತ ಬರೆಯಲೇಬೇಕು, ಇಲ್ಲದಿದ್ದರೆ ಕೃತಿಚೌರ್ಯ ಅನ್ನುತ್ತಾರೆ. ಕಾಲೇಜಿನ ರೈಟಿಂಗ್ ಸೆಂಟರಿಗೆ ಪ್ರತಿ ಪ್ರಬಂಧವನ್ನೂ ತಗೊಂಡು ಹೋಗಿ. ಭಾಷಣದ ಕ್ಲಾಸಿನಲ್ಲಿ ನಾನು ಚನ್ನಪಟ್ಟಣದ ಗೊಂಬೆಗಳ ಬಗ್ಗೆ ಮಾತಾಡಿದೆ. ಹಾಲೆ ಮರ, ಅರಗಿನ ಬಣ್ಣ, ತಿರುಗುವ ಮರದ ಮೇಲೆ ಅರಗಿನ ಕಡ್ಡಿ ಒತ್ತಿದಾಗ ಬಿಸಿಗೆ ಬಣ್ಣ ಕರಗಿ ಹತ್ತುವ ರೀತಿ, ಇಷ್ಟನ್ನೇ. ಒಂದು ಬುಗುರಿಯನ್ನು ಎಲ್ಲರ ಕೈಗೂ ಕೊಟ್ಟೆ. ನನ್ನ ಉಚ್ಚಾರಣೆ ಯಾರ ಗಮನಕ್ಕೂ ಬರಲಿಲ್ಲ, ಮುಗಿದ ಮೇಲೆ ಎಲ್ಲರ ಪ್ರಶ್ನೆ ಗೊಂಬೆಯ ಬಗ್ಗೆಯೇ ಇತ್ತು. ನಮಗೆ ಚೆನ್ನಾಗಿ ಗೊತ್ತಿರುವ ವಸ್ತು ಆರಿಸಿಕೊಂಡರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಎಥ್ನಿಕ್ ಸ್ಟಡೀಸ್ ಖಾನೆಗೆ ಏಷ್ಯನ್ ಅಮೆರಿಕನ್ ಸ್ಟಡೀಸ್ ಸಿಕ್ಕರೆ ತಗೊಳ್ಳಿ. ಭಾರತದಿಂದ ಬಂದ ಭಗತ್ ಸಿಂಗ್ ಥಿಂಡ್ ಅವರಿಗೆ ಪೌರತ್ವ ಇಲ್ಲ ಅಂತ 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು, 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿದ್ದು, 1965ರ ವಲಸೆ ಕಾನೂನು ಬಂದ ಮೇಲೆ ನಮ್ಮಂಥವರು ಇಷ್ಟು ಸಂಖ್ಯೆಯಲ್ಲಿ ಬರಲು ಸಾಧ್ಯವಾದದ್ದು, ಇದೆಲ್ಲ ಇಲ್ಲಿರುವ ನಮಗೆ ಗೊತ್ತಿರಬೇಕಾದ ಚರಿತ್ರೆ. ಖಾನೆ ತುಂಬಲು ಅಂತ ಸೇರಿದ ಕ್ಲಾಸು ನನಗೆ ಎಲ್ಲಕ್ಕಿಂತ ಹತ್ತಿರವಾಯಿತು.

ಇನ್ನು ಮುಖ್ಯ ವಿಷಯ. ಚಿಕ್ಕ ಮಕ್ಕಳ ಶಿಕ್ಷಣದಲ್ಲಿ ಎಂಟು ಮೂಲ ಕೋರ್ಸುಗಳಿವೆ, ಒಟ್ಟು 24 ಯೂನಿಟ್. ಮಗುವಿನ ಬೆಳವಣಿಗೆ, ಮಗು-ಕುಟುಂಬ-ಸಮುದಾಯ, ಪಠ್ಯಕ್ರಮ, ವೀಕ್ಷಣೆ, ಆರೋಗ್ಯ-ಸುರಕ್ಷತೆ-ಪೋಷಣೆ, ಹೀಗೆ ಸಾಗಿ ಕೊನೆಗೆ ಪ್ರಾಕ್ಟಿಕಮ್, ಅಂದರೆ ಮಕ್ಕಳ ಜೊತೆ ಕೆಲಸ ಮಾಡಿ ಕಲಿಯುವ ಕೋರ್ಸ್. ಮಗುವಿನ ಬೆಳವಣಿಗೆಯ ಕೋರ್ಸನ್ನು ಎಲ್ಲಕ್ಕಿಂತ ಮೊದಲು ಮಾಡಿ. ಅದು ಮುಖ್ಯ ವಿಷಯದಲ್ಲೂ ಬೀಳುತ್ತದೆ, ಸಾಮಾನ್ಯವಾಗಿ ಸಮಾಜ ವಿಜ್ಞಾನದ ಖಾನೆಯನ್ನೂ ತುಂಬುತ್ತದೆ. ಯೂನಿಟ್ ಒಂದೇ ಸಲ ಎಣಿಸುತ್ತಾರೆ, ಆದರೆ ಎರಡು ಖಾನೆ ಮುಗಿಯುತ್ತವೆ.

ವೀಕ್ಷಣೆಯ ಕೋರ್ಸಿನ ಬಗ್ಗೆ ಹೇಳದೆ ಇರಲಾರೆ. ಮಕ್ಕಳು ಆಡುವುದನ್ನು ಪಕ್ಕದಲ್ಲಿ ಕೂತು ನೋಡಿ ಬರೆಯಬೇಕು. 'ಹುಡುಗನಿಗೆ ಸಿಟ್ಟು ಬಂತು' ಅಂತ ಬರೆಯುವ ಹಾಗಿಲ್ಲ. 'ಎರಡೂ ಕೈ ಮುಷ್ಟಿ ಮಾಡಿದ, ಬ್ಲಾಕಿನ ಗೋಪುರವನ್ನು ಮೊಣಕೈಯಿಂದ ತಳ್ಳಿದ, ಬಾಗಿಲ ಕಡೆ ನೋಡಿದ' ಅಂತ ಬರೆಯಬೇಕು. ಹೀಗೆ ಬರೆದಾಗಲೇ ಗೊತ್ತಾಗುವುದು, ಅವನು ಅಮ್ಮ ಹೋದ ಬಾಗಿಲನ್ನು ನೋಡುತ್ತಿದ್ದಾನೆ ಅಂತ. ಕೆಲಸದಲ್ಲಿ ನನಗೆ ದಿನಾ ಉಪಯೋಗಕ್ಕೆ ಬರುವುದು ಈ ಕಲಿಕೆಯೇ.

ಪ್ರಾಕ್ಟಿಕಮ್‌ಗೆ ಮೊದಲು ಟಿಬಿ ಪರೀಕ್ಷೆ, ಲಸಿಕೆಯ ದಾಖಲೆ ಕೇಳುತ್ತಾರೆ. ದಡಾರದ ಲಸಿಕೆ ಹಾಕಿಸಿದ ಕಾಗದ ಊರಿನಲ್ಲೇ ಉಳಿದಿದ್ದರೆ ಇಲ್ಲಿ ರಕ್ತಪರೀಕ್ಷೆಯಲ್ಲಿ ತೋರಿಸಬಹುದು. ಸಂಬಳವಿಲ್ಲದ ಪ್ರಾಕ್ಟಿಕಮ್ ಓದಿನ ಭಾಗ. ಸಂಬಳದ ಕೆಲಸಕ್ಕೆ ಮಾತ್ರ ಇಎಡಿ ಎಂಬ ಕೆಲಸದ ಅನುಮತಿ ಕಾರ್ಡ್ ಇರಲೇಬೇಕು, ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಡಿಗ್ರಿ ಮುಗಿಯುವ ತನಕ ಏನೂ ಕೈಗೆ ಬರುವುದಿಲ್ಲ ಅಂದುಕೊಳ್ಳಬೇಡಿ. ಖಾಸಗಿ ಪ್ರೀಸ್ಕೂಲಿನಲ್ಲಿ ಟೀಚರ್ ಆಗಲು ರಾಜ್ಯದ ಲೈಸೆನ್ಸಿಂಗ್ ನಿಯಮ ಕೇಳುವುದು ಈ ವಿಷಯದ 12 ಯೂನಿಟ್ ಮತ್ತು ಸ್ವಲ್ಪ ಅನುಭವ. ಸರ್ಕಾರಿ ಅನುದಾನದ ಕೇಂದ್ರಗಳಿಗೆ ಬೇಕಾದ ಪರ್ಮಿಟ್‌ನಲ್ಲಿ ಟೀಚರ್ ಹಂತಕ್ಕೆ ಈ ವಿಷಯದ 24 ಯೂನಿಟ್, ಸಾಮಾನ್ಯ ಶಿಕ್ಷಣದ 16 ಯೂನಿಟ್, ಜೊತೆಗೆ ಅನುಭವ. ಹಾಗಾಗಿ ಮೂಲ ಕೋರ್ಸುಗಳನ್ನು ಮುಂಚೆ ಮುಗಿಸಿ, ಉಳಿದದ್ದನ್ನು ಕೆಲಸ ಮಾಡುತ್ತಾ ಓದಬಹುದು.

ಕಾಲೇಜು ಆರಿಸುವಾಗ ಒಂದು ಎಚ್ಚರ. ಫ್ರೀಮಾಂಟಿನ ಒಲೋನಿ ಸೆಮಿಸ್ಟರ್ ಪದ್ಧತಿಯದು, ಕುಪರ್ಟಿನೋದ ಡಿ ಆಂಜಾ ಕ್ವಾರ್ಟರ್ ಪದ್ಧತಿಯದು, ಅಂದರೆ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳದು. ಕ್ವಾರ್ಟರ್ ಲೆಕ್ಕದಲ್ಲಿ ಡಿಗ್ರಿಗೆ 90 ಯೂನಿಟ್ ಬೇಕು. ಅಲ್ಲಿನ 3 ಯೂನಿಟ್ ಇಲ್ಲಿ 2 ಆಗುತ್ತದೆ. ಗೆಳತಿ ಅಲ್ಲಿದ್ದಾಳೆ ಅಂತ ಸುಮ್ನೆ ಒಂದು ಕೋರ್ಸ್ ಅಲ್ಲಿ, ಒಂದು ಇಲ್ಲಿ ಮಾಡಿದರೆ ಕೊನೆಗೆ ಅರ್ಧ, ಮುಕ್ಕಾಲು ಯೂನಿಟ್ ಕಡಿಮೆ ಬೀಳುತ್ತದೆ.

ಮೊದಲ ಸೆಮಿಸ್ಟರಿನಲ್ಲೇ ಕೌನ್ಸೆಲರ್ ಹತ್ತಿರ ಕೂತು ಪೂರ್ತಿ ಎಜುಕೇಷನ್ ಪ್ಲ್ಯಾನ್ ಮಾಡಿಸಿಕೊಳ್ಳಿ, ಇದಕ್ಕೆ ದುಡ್ಡಿಲ್ಲ. ನೀವು ಸೇರಿದ ವರ್ಷದ ಕ್ಯಾಟಲಾಗಿನ (ಕಾಲೇಜಿನ ಕೋರ್ಸು, ನಿಯಮಗಳ ಪುಸ್ತಕದ) ಒಂದು ಪ್ರತಿಯನ್ನು ಇಳಿಸಿಟ್ಟುಕೊಳ್ಳಿ. ಓದು ತಪ್ಪಿಸದೆ ಮುಂದುವರಿಸಿದವರಿಗೆ ಆ ವರ್ಷದ ನಿಯಮವೇ ಅನ್ವಯ. ನಡುವೆ ನಿಯಮ ಬದಲಾದರೆ ಇದೇ ನಿಮ್ಮ ರಕ್ಷಣೆ. ಮಗುವಿಗೆ ಹುಷಾರಿಲ್ಲದೆ ಕೋರ್ಸ್ ಬಿಡಲೇಬೇಕಾಗಿ ಬಂದರೆ, ಸುಮ್ನೆ ಕ್ಲಾಸಿಗೆ ಹೋಗುವುದನ್ನು ನಿಲ್ಲಿಸಬೇಡಿ. ಕೊನೆಯ ದಿನಾಂಕದೊಳಗೆ ಅಧಿಕೃತವಾಗಿ ಬಿಡಿ. ಕೋರ್ಸ್ ಬಿಟ್ಟದ್ದಕ್ಕೆ ಹಾಕುವ ಡಬ್ಲ್ಯೂ ಬಿದ್ದರೆ ಜಿಪಿಎಗೆ ಪೆಟ್ಟಿಲ್ಲ, ಫೇಲ್ ಅನ್ನುವ ಎಫ್ ಬಿದ್ದರೆ ಇದೆ.

ಕೊನೆಯ ಸೆಮಿಸ್ಟರಿನಲ್ಲಿ ಪದವಿಗೆ ಅರ್ಜಿ ಹಾಕಬೇಕು. ಎಲ್ಲ ಖಾನೆ ತುಂಬಿದರೂ ಬಹಳ ಕಾಲೇಜುಗಳಲ್ಲಿ ಡಿಗ್ರಿ ತಾನಾಗಿ ಬರುವುದಿಲ್ಲ. ಅರ್ಜಿಗೆ ಕೊನೆಯ ದಿನಾಂಕ ಸೆಮಿಸ್ಟರಿನ ನಡುವೆಯೇ ಇರಬಹುದು, ಶುರುವಿನಲ್ಲೇ ನೋಡಿಟ್ಟುಕೊಳ್ಳಿ. ಅರ್ಜಿ ಹಾಕುವ ಮುಂಚೆ ಆನ್‌ಲೈನ್ ಡಿಗ್ರಿ ಆಡಿಟ್ (ಯಾವ ಖಾನೆ ತುಂಬಿದೆ ಅಂತ ತೋರಿಸುವ ಪಟ್ಟಿ) ತೆಗೆದು ಯಾವ ಖಾನೆಯಾದರೂ ಖಾಲಿ ಇದೆಯಾ ನೋಡಿ. ದಾವಣಗೆರೆಯ ಯೂನಿಟ್‌ಗಳು ಅಲ್ಲಿ ಕಾಣದಿದ್ದರೆ ಕೌನ್ಸೆಲರ್ ಹತ್ತಿರ ಹೋಗಿ ಸೇರಿಸಿಕೊಳ್ಳಲು ಹೇಳಿ.

ನೀವು ಇಲ್ಲಿಗೆ ಬಂದು ಎಷ್ಟು ತಿಂಗಳಾಯಿತು ಅಂತ ಪ್ರಶ್ನೆಯಲ್ಲಿ ಬರೆದಿಲ್ಲ. ಅದನ್ನು ಹೇಳಿದರೆ ಯಾವ ಸೆಮಿಸ್ಟರಿಗೆ ಸೇರಿದರೆ ನಿವಾಸಿ ಫೀಸು ಸಿಗಬಹುದು, ಮೊದಲು ಯಾವ ಎರಡು ಕೋರ್ಸ್ ತಗೊಳ್ಳಬಹುದು ಅಂತ ಲೆಕ್ಕ ಹಾಕಿ ಹೇಳುತ್ತೇನೆ.